ಏರಿಸುವ ಹಕ್ಕು: ಕಾಫಿಮಲೆ ಕಂಡ ಬಾವುಟಗಳು

ಬಾಬಾಬುಡನ್‌ಗಿರಿಯ ಸಾಲಿನಿಂದ ಮೂಡಿಗೆರೆ, ಕಳಸದವರೆಗೆ ಹಬ್ಬಿದ ಕಾಫಿಮಲೆಯನ್ನು ಆಳಿದವರ ಬಾವುಟಗಳನ್ನು ಪಟ್ಟಿ ಮಾಡುವುದು ಕಷ್ಟವಲ್ಲ. ಹೊಯ್ಸಳರು, ವಿಜಯನಗರದವರು, ಕೆಳದಿಯ ನಾಯಕರು, ಹೈದರ್ ಮತ್ತು ಟಿಪ್ಪು, ಮೈಸೂರಿನ ಒಡೆಯರು, ಬ್ರಿಟಿಷ್ ಕಮಿಷನರು, ಮತ್ತೆ ಒಡೆಯರು, ಕೊನೆಗೆ ಗಣರಾಜ್ಯ. ಒಬ್ಬರದು ಇಳಿಯಿತು, ಇನ್ನೊಬ್ಬರದು ಏರಿತು ಎಂದು ಶಾಲೆಯ ಪಾಠದಂತೆ ಒಪ್ಪಿಸಿಬಿಡಬಹುದು. ಹಾಗೆ ಒಪ್ಪಿಸಿದರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ಈ ಸೀಮೆಯಲ್ಲಿ ಯಾವ ಕಾಲಕ್ಕೂ ಒಂದೇ ಬಾವುಟ ಹಾರಿದ್ದಿಲ್ಲ. ದೇವಸ್ಥಾನಕ್ಕೊಂದು, ಮಠಕ್ಕೊಂದು, ದರ್ಗಾಕ್ಕೊಂದು, ಅರಸನಿಗೊಂದು, ಅರಸನ ಮೇಲಿನ ದೊರೆಗೊಂದು ಎಂದು ಹಲವು ಒಟ್ಟಿಗೇ ಇದ್ದವು. ಬಟ್ಟೆಯ ಬಣ್ಣಕ್ಕಾಗಲಿ ಮೇಲಿನ ಚಿತ್ರಕ್ಕಾಗಲಿ ಜಗಳವಾದದ್ದು ಕಡಿಮೆ. ಅದನ್ನು ಯಾರು, ಎಲ್ಲಿ, ಯಾರ ಅಪ್ಪಣೆಯಿಂದ ಏರಿಸಬಹುದು ಎಂಬುದೇ ಪ್ರಶ್ನೆಯಾಗಿತ್ತು. ಇಲ್ಲಿನ ಬಾವುಟಗಳ ಚರಿತ್ರೆಯೆಂದರೆ ಏರಿಸುವ ಹಕ್ಕು ಅರಸನ ಕೈಯಿಂದ ಸಾಮಾನ್ಯನ ಕೈಗೆ ಬಂದ ಚರಿತ್ರೆ ಎಂಬುದು ನನ್ನ ವಾದ.

ಹಳೆಯ ಸಾಕ್ಷ್ಯದಿಂದಲೇ ಹೊರಡೋಣ. ಕನ್ನಡ ನಾಡಿನ ಶಾಸನಗಳಲ್ಲಿ ಲಾಂಛನ ಬೇರೆ, ಧ್ವಜ ಬೇರೆ. ಹಾನಗಲ್ಲಿನ ಕದಂಬರಿಗೆ ಸಿಂಹ ಲಾಂಛನ, ವಾನರ ಧ್ವಜ. ಲಾಂಛನ ಮುದ್ರೆಯ ಮೇಲೆ ಬರುತ್ತದೆ, ಮನೆತನದ ಗುರುತಾಗುತ್ತದೆ, ಧ್ವಜವಾದರೋ ಬಿರುದು. ಬಿರುದನ್ನು ಗೆಲ್ಲಬಹುದು, ಕಳೆದುಕೊಳ್ಳಬಹುದು, ಮೇಲಿನವರಿಂದ ಪಡೆಯಬಹುದು. ಏಳನೆಯ ಶತಮಾನದ ಕೊನೆಯಲ್ಲಿ ಆಳಿದ ಬಾದಾಮಿಯ ವಿನಯಾದಿತ್ಯ ಉತ್ತರಾಪಥದ ಒಡೆಯನನ್ನು ಸೋಲಿಸಿ ಪಾಳಿಧ್ವಜವನ್ನು ಪಡೆದನೆಂದು ಚಾಲುಕ್ಯ ಶಾಸನಗಳು ಹೆಮ್ಮೆಯಿಂದ ಹೇಳುತ್ತವೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಹುಲಿಯನ್ನು ಇರಿಯುವ ಸಳನ ಲಾಂಛನ ಈ ಮಲೆಯಿಂದಿಳಿದು ಬೇಲೂರು, ದೋರಸಮುದ್ರಗಳ ಗುಡಿಗಳನ್ನೇರಿತು. ಆ ಕಾಲದ ರೈತನಿಗೆ ಅದು ‘ನಮ್ಮ ನಾಡಿನ ಬಾವುಟ’ ಆಗಿರಲಿಲ್ಲ. ಅರಸು ಮನೆತನದ ಸ್ವತ್ತಾಗಿತ್ತು.

ರೈತನ ಬದುಕನ್ನು ನಿಜವಾಗಿ ಮುಟ್ಟಿದ್ದು ದೇವರ ಧ್ವಜ. ಕಳಸದ ಕಲಶೇಶ್ವರನಂಥ ದೊಡ್ಡ ಕ್ಷೇತ್ರಗಳಿಂದ ಹಿಡಿದು ಸಣ್ಣ ಊರುಗಳವರೆಗೆ ಜಾತ್ರೆ ಶುರುವಾಗುವುದೇ ಧ್ವಜಾರೋಹಣದಿಂದ. ಬಟ್ಟೆಯ ಮೇಲೆ ದೇವರ ವಾಹನವನ್ನು ಬರೆಯುತ್ತಾರೆ. ಶಿವನಾದರೆ ನಂದಿ, ವಿಷ್ಣುವಾದರೆ ಗರುಡ. ಪಟಕ್ಕೆ ಪೂಜೆಯಾಗಿ, ಹಗ್ಗಕ್ಕೆ ಕಟ್ಟಿ, ವಾದ್ಯದ ನಡುವೆ ಧ್ವಜಸ್ತಂಭದ ತುದಿಗೆ ಎಳೆಯುತ್ತಾರೆ. ಘಟ್ಟದ ಕೆಳಗೆ ಇದಕ್ಕೆ ಕೊಡಿ ಏರುವುದು ಎನ್ನುತ್ತಾರೆ. ಏರಿದ್ದು ಇಳಿಯುವವರೆಗೆ ಊರಿಗೆ ಕಟ್ಟುಪಾಡು: ಬೇರೆ ಶುಭಕಾರ್ಯ ಮಾಡುವಂತಿಲ್ಲ, ಊರು ಬಿಟ್ಟು ಹೋಗುವಂತಿಲ್ಲ ಎಂಬ ನಂಬಿಕೆ ಹಲವೆಡೆ ಇನ್ನೂ ಉಳಿದಿದೆ. ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ತನ್ನದೇ ಹಸಿರು ಧ್ವಜವಿದೆ. ದರ್ಗಾಗಳ ಉರುಸಿನಲ್ಲಿ ಸಂದಲ್ ಮೆರವಣಿಗೆಯೊಂದಿಗೆ ನಿಶಾನೆ ಸಾಗುತ್ತದೆ. ಇವನ್ನು ಏರಿಸುವ ಹಕ್ಕು ಇಂಥ ಮನೆತನದ್ದು, ಇಂಥ ತಂತ್ರಿಯದು, ಇಂಥ ಹಿರಿಯರದು ಎಂದು ಗೊತ್ತುಮಾಡಿದ್ದು. ಹೀಗಾಗಿ ಏರಿಸುವವನಿಗೆ ಅಧಿಕಾರವಿರಬೇಕೆಂಬ ತಿಳಿವಳಿಕೆ ಇಂಗ್ಲಿಷರು ಬರುವ ಮೊದಲೇ ಇಲ್ಲಿ ಗಟ್ಟಿಯಾಗಿ ಬೇರೂರಿತ್ತು.

ಈ ತಿಳಿವಳಿಕೆ ಎಷ್ಟು ಆಳವಾಗಿತ್ತೆಂಬುದಕ್ಕೆ ಟಿಪ್ಪುವಿನ ಪತನದ ನಂತರದ ನಾಲ್ಕು ದಶಕಗಳನ್ನು ನೋಡಬೇಕು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗೆದ್ದವರು ಟಿಪ್ಪುವಿನ ನಿಶಾನೆಗಳನ್ನೂ ಕೊಳ್ಳೆಯ ಜೊತೆಗೆ ಒಯ್ದರು. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹಿಂಸೆಗೆ ರೋಸಿ ಎದ್ದು ನಿಂತಾಗ, ಬೂದಿ ಬಸವಪ್ಪ ಕೆಳದಿಯ ವಾರಸುದಾರ ತಾನೆಂದು ಮುಂದೆ ಬಂದ. ತರೀಕೆರೆಯ ಪಾಳೆಯಗಾರರೂ ಅವನ ಜೊತೆ ಸೇರಿದರು. ಹೊಟ್ಟೆಯ ಸಂಕಟಕ್ಕೆ ಎದ್ದ ದಂಗೆಗೂ ಹಳೆಯ ಮನೆತನವೊಂದರ ಹೆಸರು, ಮುದ್ರೆ, ಬಿರುದು ಬೇಕಾಯಿತು. ಏಳು ವರ್ಷಗಳ ನಂತರ, 1837ರ ಏಪ್ರಿಲ್‌ನಲ್ಲಿ, ಅಮರ ಸುಳ್ಯದ ರೈತರು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಮಂಗಳೂರಿಗೆ ನುಗ್ಗಿ, ಕಂಪನಿಯ ಬಾವುಟವನ್ನಿಳಿಸಿ ತಮ್ಮದನ್ನು ಏರಿಸಿ, ಹದಿಮೂರು ದಿನ ಪಟ್ಟಣವನ್ನು ಹಿಡಿದಿಟ್ಟುಕೊಂಡರು. ಆ ಬಾವುಟ ಏರಿದ ಜಾಗವೆಂದು ಜನ ತೋರಿಸುವ ಬಾವುಟಗುಡ್ಡೆಯಲ್ಲಿ 2022ರಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಅಲ್ಲಿಯೂ ಹಾರಿದ್ದು ಕೊಡಗಿನ ಹಾಲೇರಿ ಅರಸರ ಧ್ವಜವೆಂದೇ ನೆನಪು. ರೈತ ಪ್ರಾಣ ಕೊಡಲು ಸಿದ್ಧನಿದ್ದ. ಏರಿಸಲು ತನ್ನದೆನ್ನುವ ಬಾವುಟ ಮಾತ್ರ ಅವನಿಗೆ ಇನ್ನೂ ಇರಲಿಲ್ಲ.

ಇಲ್ಲೊಂದು ಆಕ್ಷೇಪ ಏಳುತ್ತದೆ. ಚಿಕ್ಕಮಗಳೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದು, ಅದು ವಸಾಹತು ಆಗಿರಲೇ ಇಲ್ಲ, ಒಡೆಯರ ಲಾಂಛನವಾದ ಗಂಡಭೇರುಂಡದ ನೆರಳಲ್ಲೇ ಇತ್ತು. ಅದನ್ನು ಮದರಾಸು ಪ್ರಾಂತ್ಯದಂತೆ ಕಾಣುವುದು ಸರಿಯೇ ಎಂದು. ಹೆಸರಿನ ಮಟ್ಟಿಗೆ ಮಾತು ನಿಜ. ಆದರೆ ನಗರದ ದಂಗೆಯನ್ನೇ ನೆಪ ಮಾಡಿಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಆಡಳಿತವನ್ನು ಕಿತ್ತುಕೊಂಡ ಮೇಲೆ 1881ರವರೆಗೆ, ಪೂರಾ ಐವತ್ತು ವರ್ಷ, ಇಲ್ಲಿ ಆಳಿದವರು ಬ್ರಿಟಿಷ್ ಕಮಿಷನರುಗಳು. ಈ ಮಲೆಯ ಕಾಡು ಕಾಫಿತೋಟವಾದದ್ದೂ ಅದೇ ಐವತ್ತು ವರ್ಷಗಳಲ್ಲಿ. 1830ರ ಸುಮಾರಿಗೆ ಥಾಮಸ್ ಕ್ಯಾನನ್ ಚಿಕ್ಕಮಗಳೂರಿನ ಬಳಿ ತೋಟ ಹಾಕಿದ. ದಕ್ಷಿಣದ ಮಂಜರಾಬಾದಿನಲ್ಲಿ 1856ರಲ್ಲಿ ಎಲಿಯಟ್ ತೋಟ ಶುರುಮಾಡಿದ. ತೋಟದ ಆಳುಗಳ ಬಾಯಲ್ಲಿ ‘ದೊರೆ’ ಎಂದರೆ ಮೈಸೂರಿನಲ್ಲಿದ್ದ ಮಹಾರಾಜರಲ್ಲ, ಬಂಗಲೆಯಲ್ಲಿದ್ದ ಪ್ಲಾಂಟರು. ಜಿಲ್ಲೆಯನ್ನು ಕಡೂರು ಜಿಲ್ಲೆಯೆಂದು ಗೊತ್ತುಮಾಡಿದ್ದೂ ಕಮಿಷನರ ಕಾಲದಲ್ಲೇ.

ಗಂಡಭೇರುಂಡದ ಮಾನವನ್ನೂ ಈ ವ್ಯವಸ್ಥೆ ಬದಲಿಸಿತು. ಆ ಎರಡು ತಲೆಯ ಹಕ್ಕಿ ಒಡೆಯರಿಗಿಂತ ಬಹಳ ಹಿಂದಿನದು. ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡ ಸ್ತಂಭ ಈಗಲೂ ಇದೆ. ಕೆಳದಿಯ ರಾಮೇಶ್ವರ ಗುಡಿಯಲ್ಲೂ ಅದರ ಶಿಲ್ಪವಿದೆ. ಇಂಥ ಹಳೆಯ ಬಿರುದಿಗೆ 1877ರ ಜನವರಿ 1ರಂದು ದೆಹಲಿಯಲ್ಲಿ ಹೊಸ ಒಡೆತನ ಬಂತು. ವಿಕ್ಟೋರಿಯಾಳನ್ನು ಚಕ್ರವರ್ತಿನಿಯೆಂದು ಸಾರಿದ ಆ ದರ್ಬಾರಿನ ಸಂದರ್ಭದಲ್ಲಿ ವೈಸರಾಯ್ ಲಿಟ್ಟನ್ ದೊಡ್ಡ ಸಂಸ್ಥಾನಗಳ ಅರಸರಿಗೆ ರೇಷ್ಮೆಯ ಧ್ವಜಗಳನ್ನು ದಯಪಾಲಿಸಿದ. ಒಂದೊಂದರ ಮೇಲೂ ಯುರೋಪಿನ ರೀತಿಯಲ್ಲಿ ಬರೆದ ಕುಲಚಿಹ್ನೆ. ಅವನ್ನು ರೂಪಿಸಿದವನು ಬಂಗಾಳದ ಸಿವಿಲ್ ಅಧಿಕಾರಿ ರಾಬರ್ಟ್ ಟೇಲರ್. ಲೋಹದ ಕೋಲು ಸೇರಿ ಒಂದೊಂದು ಎಷ್ಟು ಭಾರವಿತ್ತೆಂದರೆ ಎತ್ತಿ ಹಿಡಿಯಲು ಇಬ್ಬರು ಸ್ಕಾಟಿಷ್ ಸೈನಿಕರು ಹೆಣಗಬೇಕಾಯಿತಂತೆ. ಅದನ್ನು ಬಿಚ್ಚಿದಾಗಲೆಲ್ಲ ರಾಣಿಯ ಮನೆತನದೊಂದಿಗಿನ ನಂಟು ನೆನಪಾಗಲಿ ಎಂಬುದು ಕೊಟ್ಟವನ ಆಶಯ. ವಿನಯಾದಿತ್ಯ ಗೆದ್ದು ತಂದಂಥದ್ದನ್ನು ಈ ಅರಸರು ಕೈಯೊಡ್ಡಿ ಪಡೆದರು. ಸ್ವಂತ ಧ್ವಜವಿದ್ದ ಮಾತ್ರಕ್ಕೆ ಸಂಸ್ಥಾನ ಸ್ವತಂತ್ರವಾಗಿತ್ತೆಂದು ವಾದಿಸುವವರು ಈ ದರ್ಬಾರನ್ನು ಮರೆಯಬಾರದು.

ಬ್ರಿಟಿಷರ ಕಡೆಯೂ ಒಂದೇ ಬಾವುಟವಿರಲಿಲ್ಲ. ಸರ್ಕಾರಿ ಕಚೇರಿಗೆ ಯೂನಿಯನ್ ಜಾಕ್; ವೈಸರಾಯ್‌ಗೆ ಅದೇ ಬಾವುಟದ ನಡುವೆ ಭಾರತ ನಕ್ಷತ್ರದ ಚಿಹ್ನೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಟ್ಟ ಇಳಿದರೆ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ, ದಕ್ಷಿಣಕ್ಕೆ ಹೋದರೆ 1834ರಲ್ಲಿ ಕಂಪನಿ ನುಂಗಿದ ಕೊಡಗು, ಬೆಂಗಳೂರಿನ ದಂಡು ಪ್ರದೇಶ 1947ರವರೆಗೂ ಅವರದೇ. ಒಂದೇ ಭಾಷೆಯ, ಒಂದೇ ಬೆಳೆಯ ಜನ ಬೇರೆ ಬೇರೆ ಧ್ವಜಗಳ ಕೆಳಗಿದ್ದರು. ಮೈಸೂರಿನ ಜಂಬೂಸವಾರಿಯ ಮುಂದೆ ಧ್ವಜ ಹೊತ್ತು ನಡೆಯುತ್ತಿದ್ದ ನಿಶಾನೆ ಆನೆಯನ್ನು ಜನ ಅಕ್ಕರೆಯಿಂದ ನೋಡುತ್ತಿದ್ದರು, ನಿಜ. ಆದರೆ ಅವರು ನೋಡುವವರು ಮಾತ್ರ, ಏರಿಸುವವರಲ್ಲ.

ಈ ಸ್ಥಿತಿಯನ್ನು ಮುರಿದದ್ದು ಕಾಂಗ್ರೆಸ್ಸಿನ ತ್ರಿವರ್ಣ. ಅದರಲ್ಲಿ ಯಾವ ಮನೆತನದ ಕುರುಹೂ ಇರಲಿಲ್ಲ. ಯಾರು ಬೇಕಾದರೂ ನೂತು, ನೇಯ್ದು, ಏರಿಸಬಹುದಾಗಿತ್ತು. 1923ರ ನಾಗಪುರದ ಝಂಡಾ ಸತ್ಯಾಗ್ರಹದ ಅನುಭವದಿಂದ ಹುಬ್ಬಳ್ಳಿಯ ನಾ. ಸು. ಹರ್ಡೀಕರರು ಸೇವಾದಳ ಕಟ್ಟಿ ಧ್ವಜವಂದನೆಯನ್ನು ಶಿಸ್ತಿನ ಆಚರಣೆಯಾಗಿಸಿದರು. ಮೈಸೂರಿನಲ್ಲಿ ಅಗ್ನಿಪರೀಕ್ಷೆ ಬಂದದ್ದು 1938ರಲ್ಲಿ. ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಮೈಸೂರು ಕಾಂಗ್ರೆಸ್ ನಿಷೇಧಾಜ್ಞೆ ಮೀರಿ ಧ್ವಜವೇರಿಸಿತು. ಎರಡು ವಾರ ಕಳೆದು, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಧ್ವಜ ಹಿಡಿದು ಸೇರಿದ ಜನರ ಮೇಲೆ ಗುಂಡು ಹಾರಿತು. ಅಲ್ಲಿನ ಸ್ಮಾರಕ ಮೂವತ್ತೆರಡು ಹುತಾತ್ಮರನ್ನು ನೆನೆಯುತ್ತದೆ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಯಾವ ಲೆಕ್ಕ ಹಿಡಿದರೂ, ತಮ್ಮದೇ ಊರಿನಲ್ಲಿ ಬಾವುಟ ಏರಿಸುವ ಹಕ್ಕಿಗಾಗಿ ರೈತರು ಸತ್ತರು ಎಂಬುದು ಬದಲಾಗದು.

ಇದರ ಫಲವಾಗಿ ಬಂದ ಒಪ್ಪಂದ ನನ್ನ ವಾದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಗಾಂಧೀಜಿ ಕಳುಹಿಸಿದ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೇ ತಿಂಗಳಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಕೂತು ಮಾತನಾಡಿದರು. ಸರ್ಕಾರ ಮೈಸೂರು ಕಾಂಗ್ರೆಸ್ಸನ್ನು ಮಾನ್ಯಮಾಡಿತು. ವಿಶೇಷ ಸಮಾರಂಭಗಳಲ್ಲಿ ಕಾಂಗ್ರೆಸ್ ಧ್ವಜವನ್ನು ಮೈಸೂರು ಧ್ವಜದ ಜೊತೆಯಲ್ಲಿ ಏರಿಸಲು ಒಪ್ಪಿತು. ಇದು ರಾಜಿ, ಅರಸೊತ್ತಿಗೆಯನ್ನು ಉಳಿಸಿದ ಅರೆಬರೆ ಗೆಲುವು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಜವಾಬ್ದಾರಿ ಸರ್ಕಾರಕ್ಕಾಗಿ ಜನ ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು. ಆದರೆ ಶಿವಪುರಕ್ಕೆ ಹೋದವರು ಗಂಡಭೇರುಂಡವನ್ನು ಕೆಳಗಿಳಿಸಲು ಹೋಗಿರಲಿಲ್ಲ. ಅವರು ಕೇಳಿದ್ದು ಮಹಾರಾಜರ ಆಶ್ರಯದಲ್ಲೇ ಜವಾಬ್ದಾರಿ ಸರ್ಕಾರ. ಎರಡು ಧ್ವಜ ಅಕ್ಕಪಕ್ಕ ಹಾರಿದ ದಿನ ಬಿದ್ದುಹೋದದ್ದು ಒಂದೇ: ಬಾವುಟ ಮೇಲಿನವರ ಅಪ್ಪಣೆಯಿಂದ ಮಾತ್ರ ಏರಬೇಕೆಂಬ ಸಾವಿರ ವರ್ಷದ ನಂಬಿಕೆ. 1942ರಲ್ಲಿ ಶಿಕಾರಿಪುರದ ಈಸೂರಿನವರು ವೀರಭದ್ರ ಗುಡಿಯ ಮೇಲೆ ತ್ರಿವರ್ಣ ಕಟ್ಟಿ ಊರನ್ನೇ ಸ್ವತಂತ್ರವೆಂದು ಸಾರಿದಾಗ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಬೂದಿ ಬಸವಪ್ಪನ ದಂಗೆಗೆ ಬೇಕಾದ ಮನೆತನದ ಮುದ್ರೆ ಈಸೂರಿಗೆ ಬೇಕಾಗಲಿಲ್ಲ. ಮರುವರ್ಷ ಐವರು ಗಲ್ಲಿಗೇರಿದರು.

ಬಾವುಟ ಬರೀ ಬಟ್ಟೆ, ಮಲೆನಾಡಿನವರಿಗೆ ಭೂಮಿ, ಕೂಲಿ, ಕಾಫಿಯ ಬೆಲೆಯೇ ಮುಖ್ಯ ಎಂಬ ಇನ್ನೊಂದು ಆಕ್ಷೇಪವಿದೆ. ತೋಟದ ಲೈನುಗಳಲ್ಲಿ ಬದುಕಿದವರ ಪಾಲಿಗೆ ಇದು ನ್ಯಾಯವಾದ ಮಾತು. 1947ರ ಬದಲಾವಣೆ ಅವರ ಕೂಲಿಯನ್ನು ರಾತ್ರೋರಾತ್ರಿ ಹೆಚ್ಚಿಸಲಿಲ್ಲ. ಆದರೂ ಇವೆರಡೂ ಬೇರೆಬೇರೆ ಎನ್ನಲಾಗದು. ಬಾವುಟ ಹಿಡಿದು ಸಭೆ ಸೇರುವ ಹಕ್ಕಿಲ್ಲದೆ ಕೂಲಿ ಕೇಳುವ ಸಂಘ ಕಟ್ಟುವುದೂ ಆಗದು. ಸ್ವತಂತ್ರ ಭಾರತಕ್ಕೂ ಈ ಪಾಠ ತಡವಾಗಿಯೇ ಹತ್ತಿತು: ಸಾಮಾನ್ಯ ಪ್ರಜೆ ವರ್ಷದ ಎಲ್ಲ ದಿನವೂ ತನ್ನ ಮನೆಯ ಮೇಲೆ ರಾಷ್ಟ್ರಧ್ವಜ ಹಾರಿಸಲು 2002ರ ಧ್ವಜಸಂಹಿತೆಯವರೆಗೆ ಕಾಯಬೇಕಾಯಿತು, ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2004ರಲ್ಲಿ.

ಈ ಚರಿತ್ರೆ ಇಂದಿನ ಎರಡು ಚರ್ಚೆಗಳಿಗೆ ಬೆಳಕು ಕೊಡುತ್ತದೆ. ಮ. ರಾಮಮೂರ್ತಿಯವರು 1960ರ ದಶಕದಲ್ಲಿ ಕೊಟ್ಟ ಹಳದಿ–ಕೆಂಪು ಬಾವುಟ ಯಾವ ಸರ್ಕಾರದ ಅಪ್ಪಣೆಯೂ ಇಲ್ಲದೆ ಆಟೋ ನಿಲ್ದಾಣದಿಂದ ಹಳ್ಳಿಯ ಸರ್ಕಲ್‌ವರೆಗೆ ಹಬ್ಬಿತು. 2018ರಲ್ಲಿ ರಾಜ್ಯ ಸರ್ಕಾರ ನಡುವೆ ಗಂಡಭೇರುಂಡವಿಟ್ಟು ರೂಪಿಸಿದ ನಾಡಧ್ವಜವನ್ನು ಕೇಂದ್ರದ ಒಪ್ಪಿಗೆಗೆ ಕಳುಹಿಸಿದಾಗ ಅದು ದೇಶದ ಏಕತೆಗೆ ಧಕ್ಕೆ ಎಂಬ ಕೂಗೆದ್ದಿತು. ಒಂದು ಸಂಸ್ಥಾನ ಗುಂಡು ಹಾರಿಸಿದ ಮೇಲೂ ಎರಡು ಬಾವುಟಗಳನ್ನು ಅಕ್ಕಪಕ್ಕ ನಿಲ್ಲಿಸಲು ಒಪ್ಪಿತೆಂದ ಮೇಲೆ ಗಣರಾಜ್ಯಕ್ಕೆ ಅದು ಭಾರವಾಗಬಾರದು. ಎರಡನೆಯದು ಬಾಬಾಬುಡನ್‌ಗಿರಿಯದೇ. ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ ಎಂದು ಎರಡು ಪರಂಪರೆಗಳ ಹೆಸರನ್ನೂ ಹೊತ್ತ ಆ ಜಾಗದ ವ್ಯಾಜ್ಯ ದಶಕಗಳಿಂದ ನ್ಯಾಯಾಲಯಗಳ ಮುಂದಿದೆ. ತೀರ್ಪು ಅಲ್ಲಿಯೇ ಆಗಲಿ. ಬಾವುಟಗಳ ಚರಿತ್ರೆ ಹೇಳುವುದು ಇಷ್ಟನ್ನು: 1938ರಲ್ಲಿ ಏರಿಸುವ ಹಕ್ಕಿಗಾಗಿ ನಮ್ಮ ಹಿರಿಯರು ಪ್ರಾಣ ಕೊಟ್ಟರು, ಇನ್ನೊಬ್ಬರದನ್ನು ಇಳಿಸುವ ಹಕ್ಕನ್ನು ಅವರು ಕೇಳಿರಲಿಲ್ಲ. ತನ್ನ ಬಾವುಟ ಏರಬೇಕಾದರೆ ಪಕ್ಕದವನದು ಇಳಿಯಲೇಬೇಕು ಎನ್ನುವವನು ಶಿವಪುರದ ವಾರಸುದಾರನಲ್ಲ; ಕೊಟ್ಟ ಧ್ವಜದಲ್ಲೂ ತನ್ನ ಯಜಮಾನಿಕೆಯನ್ನೇ ಕಂಡ ದೆಹಲಿ ದರ್ಬಾರಿನ ವಾರಸುದಾರ.