ಸಾರಥಿಯ ತೊಗಲು, ಯಜಮಾನನ ಬಟ್ಟೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಪಿಕಪ್ ಟ್ರಕ್ಕನ್ನು ಕೊಳ್ಳಹೊರಟವನು, ಮಾರಾಟಗಾರನ ದರಪಟ್ಟಿಯಲ್ಲಿ ಬಟ್ಟೆಯ ಆಸನ ಕೆಳಗಿನ ಸಾಲಿನಲ್ಲಿಯೂ ತೊಗಲಿನ ಆಸನ ಮೇಲಿನ ಸಾಲಿನಲ್ಲಿಯೂ ನೆಲೆಗೊಂಡಿರುವುದನ್ನು ಕಂಡು, ಇದು ಪದಾರ್ಥಗಳ ಸ್ವಭಾವದಿಂದಲೇ ಹುಟ್ಟಿದ ತಾರತಮ್ಯವೆಂದೂ, ಹೆಚ್ಚು ಬಾಳುವುದಕ್ಕೆ ಹೆಚ್ಚು ಬೆಲೆಯೆಂಬ ಸರಳ ನ್ಯಾಯವೇ ಇಲ್ಲಿ ನಡೆದಿದೆಯೆಂದೂ ಭಾವಿಸುವುದು ಸಹಜ. ಆದರೆ ಆ ದೇಶದ ವಾಹನಗಳ ಚರಿತ್ರೆಯನ್ನು ಒಂದು ಶತಮಾನಕ್ಕೂ ಹಿಂದಕ್ಕೆ ಅನುಸರಿಸಿ ಹೋದವನಿಗೆ ಈ ತಾರತಮ್ಯ ತಲೆಕೆಳಗಾಗಿ ನಿಂತಿರುವುದು ಕಾಣುತ್ತದೆ. ಅಲ್ಲಿ ತೊಗಲು ಆಳಿನದು, ಬಟ್ಟೆ ಒಡೆಯನದು. ತೊಗಲು ಬಾಳಿಕೆಯ ಪದಾರ್ಥವೆಂಬುದರಲ್ಲಿ ಆಗಲೂ ಯಾರಿಗೂ ಸಂಶಯವಿರಲಿಲ್ಲ. ಆ ಬಾಳಿಕೆಯ ದೆಸೆಯಿಂದಲೇ ಅದಕ್ಕೆ ಕೆಳಗಿನ ಸ್ಥಾನ ದೊರಕಿತ್ತು.

ಮೋಟಾರು ವಾಹನ ಹುಟ್ಟುವ ಮೊದಲು ಸಿರಿವಂತರು ಏರಿ ಹೋಗುತ್ತಿದ್ದ ಮುಚ್ಚಿದ ಕೋಚು ಗಾಡಿಗಳಲ್ಲಿ ಎರಡು ಲೋಕಗಳಿದ್ದುವು. ಮುಂದೆ, ಎತ್ತರದ ಪೀಠದ ಮೇಲೆ, ಮಳೆ ಬಿಸಿಲುಗಳಿಗೆ ಮೈಯೊಡ್ಡಿ ಕುಳಿತ ಸಾರಥಿಯದು ಒಂದು. ಹಿಂದೆ, ಗಾಜಿನ ಕಿಟಕಿಗಳ ಒಳಗೆ, ಧೂಳು ಸೋಕದಂತೆ ಕುಳಿತ ಯಜಮಾನ ಯಜಮಾನಿಯರದು ಇನ್ನೊಂದು. ಸಾರಥಿಯ ಪೀಠಕ್ಕೆ ದಪ್ಪನೆಯ ತೊಗಲನ್ನು ಹೊದಿಸುತ್ತಿದ್ದುದಕ್ಕೆ ಕಾರಣ ಸ್ಪಷ್ಟವಾಗಿತ್ತು: ಉಣ್ಣೆಯ ಬಟ್ಟೆ ಒಮ್ಮೆ ನೆನೆದರೆ ಒಳಗೆ ತುಂಬಿದ ಕುದುರೆಯ ಕೂದಲು ದಿನಗಟ್ಟಲೆ ಒದ್ದೆಯಾಗಿ ಉಳಿದು ಕೊಳೆಯುವುದು, ತೊಗಲಾದರೆ ಒರಸಿದರೆ ಸಾಕು. ಒಳಗಿನ ಆಸನಕ್ಕೆ ನುಣುಪಾದ ಉಣ್ಣೆಯ ಬ್ರಾಡ್‌ಕ್ಲಾತ್, ರೇಷ್ಮೆ, ಕಸೂತಿಯ ಅಂಚುಪಟ್ಟಿಗಳು ಸಲ್ಲುತ್ತಿದ್ದುವು. ಚಳಿಗಾಲದಲ್ಲಿ ತಣ್ಣಗೆ ಕೊರೆಯುವ, ಬೇಸಗೆಯಲ್ಲಿ ಮೈಗೆ ಅಂಟುವ, ಅಲುಗಿದಾಗಲೆಲ್ಲ ಕಿರುಗುಟ್ಟುವ ತೊಗಲಿನ ಮೇಲೆ ರೇಷ್ಮೆಯುಟ್ಟ ಗೃಹಿಣಿಯನ್ನು ಕೂರಿಸುವುದು ಅಂದಿನವರಿಗೆ ಅಸಭ್ಯವೆಂದೇ ತೋರಿರಬೇಕು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಕುದುರೆ ಹೋಗಿ ಎಂಜಿನ್ ಬಂದಾಗ, ಗಾಡಿ ಕಟ್ಟುವ ಕುಶಲಿಗಳು ಬದಲಾಗಲಿಲ್ಲವಾದ್ದರಿಂದ ಅವರ ಪದ್ಧತಿಯೂ ಬದಲಾಗಲಿಲ್ಲ. ಲಿಮೊಸಿನ್, ಟೌನ್ ಕಾರ್, ಲ್ಯಾಂಡೊಲೆಟ್ ಎಂಬ ವೈಭವದ ವಾಹನಗಳಲ್ಲೆಲ್ಲ ಮುಂದೆ ಸಾರಥಿಗೆ ತೊಗಲು, ಗಾಜಿನ ತಡಿಕೆಯ ಹಿಂದೆ ಯಜಮಾನನಿಗೆ ಬಟ್ಟೆ ಎಂಬ ವಿಭಾಗ ಒಂದೇ ವಾಹನದೊಳಗೆ, ಒಂದೆರಡು ಮೊಳದ ಅಂತರದಲ್ಲಿ, ಬಹುಕಾಲ ನಡೆದುಬಂದಿತು.

ಬಟ್ಟೆಯೆಂದೊಡನೆ ಬೇಗ ಸವೆಯುವ ವಸ್ತುವನ್ನು ಕಲ್ಪಿಸಿಕೊಳ್ಳುವುದು ಇಂದಿನವರ ಅಭ್ಯಾಸ. ಆ ಕಾಲದ ಬಟ್ಟೆಗೆ ಇದರಿಂದ ಅನ್ಯಾಯವಾಗುತ್ತದೆ. ಮೇನ್ ಸಂಸ್ಥಾನದ ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ ಥಾಮಸ್ ಗುಡಾಲ್ ಎಂಬಾತ 1867ರಲ್ಲಿ ಗಿರಣಿಯನ್ನು ಸ್ಥಾಪಿಸಿ ಮೊದಲು ನೇಯಿಸಿದ್ದು ಕುದುರೆಗಳಿಗೆ ಹೊದಿಸುವ ಕಂಬಳಿಗಳನ್ನು, ಗಾಡಿಯಲ್ಲಿ ಕುಳಿತವರು ಮೊಳಕಾಲ ಮೇಲೆ ಎಳೆದುಕೊಳ್ಳುವ ಹೊದಿಕೆಗಳನ್ನು. ಮುಂದೆ ಅದೇ ಊರು ಅಂಗೋರಾ ಮೇಕೆಯ ಕೂದಲಿನಿಂದ ನೇಯುವ ಮೊಹೇರ್ ಪ್ಲಶ್ ಎಂಬ ಕುಚ್ಚುಬಟ್ಟೆಗೆ ಪ್ರಸಿದ್ಧವಾಯಿತು. ಉಣ್ಣೆಗಿಂತ ನುಣುಪಾದುದು, ಹೊಳಪುಳ್ಳದ್ದು, ಒತ್ತಿದರೆ ಮತ್ತೆ ನೆಟ್ಟಗೆ ನಿಲ್ಲುವಷ್ಟು ಬಿಗುವಿನದು ಈ ಕೂದಲು. ಸಾವಿರಾರು ಜನ ಹತ್ತಿ ಇಳಿಯುವ ರೈಲುಗಾಡಿಗಳ ಆಸನಗಳಿಗೆ ಇದನ್ನೇ ಆರಿಸಿದ್ದರೆಂದ ಮೇಲೆ ಇದರ ತಾಳಿಕೆಗೆ ಬೇರೆ ಸಾಕ್ಷಿ ಬೇಡ. ನುಸಿಯೊಂದೇ ಇದರ ಪ್ರಬಲ ಶತ್ರು. ತುರ್ಕಿಯಿಂದ ಬಂದ ಈ ಮೇಕೆಗಳಿಗೆ ಅಮೆರಿಕದಲ್ಲಿ ಪಥ್ಯವಾದ ನೆಲ ಟೆಕ್ಸಸ್ಸಿನ ಎಡ್ವರ್ಡ್ಸ್ ಪ್ರಸ್ಥಭೂಮಿ. ಮುಂದೆ ತೊಗಲಿನ ಆಸನಕ್ಕೆ ಕಿರೀಟ ತೊಡಿಸಿದ ಸಂಸ್ಥಾನವೇ ಅದಕ್ಕೂ ಮೊದಲು ಬಟ್ಟೆಯ ಆಸನಕ್ಕೆ ಕೂದಲನ್ನು ಒದಗಿಸುತ್ತಿತ್ತೆಂಬುದು ಸ್ವಾರಸ್ಯದ ಸಂಗತಿ.

1919ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತು ತೆರೆದ ಮೈಯವು. 1929ರ ವೇಳೆಗೆ ಹತ್ತಕ್ಕೆ ಒಂಬತ್ತು ಮುಚ್ಚಿದವು. 1922ರಲ್ಲಿ ಬಂದ ಎಸೆಕ್ಸ್ ಕೋಚ್ ಎಂಬ ಕಾರು ಮುಚ್ಚಿದ ವಾಹನವನ್ನು ತೆರೆದುದರ ಬೆಲೆಗೆ ಸಮೀಪಕ್ಕೆ ಇಳಿಸಿದ ಮೇಲೆ ಈ ಪರಿವರ್ತನೆಗೆ ತಡೆಯೇ ಇಲ್ಲವಾಯಿತು. ತಲೆಯ ಮೇಲೆ ಸೂರೂ ಪಕ್ಕದಲ್ಲಿ ಗಾಜೂ ಬಂದೊಡನೆ, ಯಜಮಾನನ ಬಟ್ಟೆ ಗುಮಾಸ್ತನಿಗೂ ಅಂಗಡಿಯವನಿಗೂ ಲಭ್ಯವಾಯಿತು. ತೊಗಲು ಮಾತ್ರ ಮೇಲುಮುಸುಕನ್ನು ಮಡಿಸಬಹುದಾದ ವಿಹಾರದ ಕಾರುಗಳಿಗೆ ಸರಿದು ಉಳಿಯಿತು. ಪಿಕಪ್ ಟ್ರಕ್ಕು ಹುಟ್ಟಿದ್ದು ಈ ಸಂಧಿಕಾಲದಲ್ಲಿ. ಅದಕ್ಕೂ ಮುಂಚೆ ರೈತರು ತಮ್ಮ ಕಾರಿನ ಹಿಂಭಾಗವನ್ನು ಕತ್ತರಿಸಿ ಮರದ ಪೆಟ್ಟಿಗೆಯನ್ನು ಕೂರಿಸಿಕೊಳ್ಳುತ್ತಿದ್ದುದುಂಟು. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ರನಬೌಟಿಗೆ ಕಾರ್ಖಾನೆಯಲ್ಲಿಯೇ ಉಕ್ಕಿನ ಪೆಟ್ಟಿಗೆಯನ್ನು ಜೋಡಿಸಿ 281 ಡಾಲರಿಗೆ ಮಾರಲಾರಂಭಿಸಿತು. ಮೇಲೆ ಮಡಿಸುವ ಮುಸುಕು, ಪಕ್ಕದಲ್ಲಿ ಬಯಲು. ಸಾರಥಿಯ ಪೀಠಕ್ಕೆ ಯಾವ ಮಳೆ ಬಿಸಿಲುಗಳ ಪಾಡಿತ್ತೋ ಅದೇ ಪಾಡು ಈ ಆಸನದ್ದೂ ಆಗಿದ್ದಿತು. ಒಂದು ವ್ಯತ್ಯಾಸವೆಂದರೆ ಇಲ್ಲಿ ಆಳೂ ಒಡೆಯನೂ ಒಬ್ಬನೇ. ಇನ್ನೊಂದು, ಅವನು ಕುಳಿತುದು ನಿಜವಾದ ತೊಗಲಿನ ಮೇಲಲ್ಲ.

ಅದು ಕೃತಕ ಚರ್ಮ. ಹತ್ತಿಯ ಬಟ್ಟೆಯ ಮೇಲೆ ನೈಟ್ರೋಸೆಲ್ಯುಲೋಸಿನ ಪಾಕವನ್ನು ಪದರ ಪದರವಾಗಿ ಬಳಿದು, ಎಣ್ಣೆ ಬಣ್ಣಗಳನ್ನು ಸೇರಿಸಿ, ಕೊನೆಗೆ ಕೆತ್ತನೆಯ ಉರುಳೆಗಳ ನಡುವೆ ಒತ್ತಿ ತೊಗಲಿನ ಸುಕ್ಕುಗಳನ್ನು ಮೂಡಿಸಿದ ಪದಾರ್ಥ. ಹತ್ತಿಯನ್ನು ನೈಟ್ರಿಕ್ ಆಮ್ಲದಲ್ಲಿ ಪಕ್ವಗೊಳಿಸಿದರೆ ಒಂದು ಮಟ್ಟದಲ್ಲಿ ಸಿಡಿಮದ್ದು, ಇನ್ನೊಂದು ಮಟ್ಟದಲ್ಲಿ ಈ ಪಾಕ. ಆದಕಾರಣ ಮದ್ದಿನ ಕಾರ್ಖಾನೆಗಳಿಂದಲೇ ದೊಡ್ಡದಾಗಿ ಬೆಳೆದಿದ್ದ ದ್ಯುಪಾಂಟ್ ಕಂಪನಿ 1910ರಲ್ಲಿ ನ್ಯೂಬರ್ಗ್ ನಗರದ ಫ್ಯಾಬ್ರಿಕಾಯ್ಡ್ ಕಂಪನಿಯನ್ನು ಕೊಂಡುದು ಆಶ್ಚರ್ಯವಲ್ಲ. ನಮ್ಮ ಕಡೆಯ ಬಸ್ಸಿನ ಸೀಟು, ಸೈಕಲ್ಲಿನ ಸೀಟು, ಕ್ಷೌರದಂಗಡಿಯ ಕುರ್ಚಿಗಳ ಮೂಲಕ ಎಲ್ಲರಿಗೂ ಪರಿಚಿತವಾದ ರೆಕ್ಸಿನ್ ಇಂಗ್ಲೆಂಡಿನಲ್ಲಿ ಹುಟ್ಟಿದ ಇದರ ದಾಯಾದಿ. ಈ ಪಾಕಕ್ಕೆ ಎರಡು ದೋಷಗಳಿದ್ದುವು: ಬಿಸಿಲಿಗೆ ಬಿರುಕು ಬಿಡುತ್ತಿತ್ತು, ಬೆಂಕಿಗೆ ಬೇಗ ಒಲಿಯುತ್ತಿತ್ತು. 1926ರಲ್ಲಿ ಬಿ. ಎಫ್. ಗುಡ್‌ರಿಚ್ ಕಂಪನಿಯ ರಸಾಯನಶಾಸ್ತ್ರಜ್ಞ ವಾಲ್ಡೊ ಸೀಮನ್ ಗಡುಸಾದ ಪಾಲಿವಿನೈಲ್ ಕ್ಲೋರೈಡನ್ನು ಮೃದುಗೊಳಿಸುವ ಉಪಾಯವನ್ನು ಕಂಡುಹಿಡಿದುದರಿಂದ ವಿನೈಲ್ ಬಂದಿತು; ಎರಡನೆಯ ಮಹಾಯುದ್ಧದ ತರುವಾಯ ಟ್ರಕ್ಕುಗಳ ಉದ್ದನೆಯ ಆಸನಗಳನ್ನೆಲ್ಲ ಅದು ಆಕ್ರಮಿಸಿತು. ಕನೆಕ್ಟಿಕಟ್ಟಿನ ನಾಗಟಕ್ ಊರಿನ ಹೆಸರಿನಿಂದ ನಾಗಹೈಡ್ ಎಂದು ಕರೆಸಿಕೊಂಡ ಇಂತಹ ಒಂದು ವಿನೈಲಿಗಾಗಿ ಜಾಹೀರಾತುದಾರರು ನಾಗ ಎಂಬ ಇಲ್ಲದ ಪ್ರಾಣಿಯನ್ನೇ ಸೃಷ್ಟಿಸಿ, ಅದರ ಗೊಂಬೆಗಳನ್ನು ಹಂಚಿದರು. ನಮ್ಮ ನಾಗನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಪ್ರಾಣಿ ಯಾರಿಗೂ ನೋವಿಲ್ಲದಂತೆ ತನ್ನ ಚರ್ಮವನ್ನು ಕಳಚಿಕೊಡುತ್ತದೆಂದು ಅವರು ಹೇಳಿದ ಕತೆಯನ್ನು ಕೇಳಿದಾಗ, ನಮ್ಮವರ ಮನಸ್ಸು ಹಾವಿನ ಪೊರೆಯ ಕಡೆಗೆ ಹರಿಯದಿರಲಾರದು.

ಗೊಬ್ಬರ ಮೆತ್ತಿದ ಬೂಟು, ಸೊಂಟದ ಜೇಬಿನಲ್ಲಿ ತಿರುಪುಳಿ, ಎಣ್ಣೆ ಬಳಿದ ಅಂಗಿ, ಒದ್ದೆಯಾದ ನಾಯಿ, ಮುಳ್ಳುತಂತಿಯ ಸುರುಳಿ ಇವುಗಳ ಸಹವಾಸದಲ್ಲಿ ದಿನವೆಲ್ಲ ಕಳೆಯುವ ಆಸನಕ್ಕೆ ಕೊಳವೆಯ ನೀರಿನಿಂದ ತೊಳೆಯಬಹುದಾದ ವಿನೈಲಿಗಿಂತ ಉತ್ತಮವಾದುದು ಇರಲಿಲ್ಲವೆಂದೇ ನನ್ನ ಮತ. ಅದು ಟೆಕ್ಸಸ್ಸಿನ ಬೇಸಗೆಯಲ್ಲಿ ತೊಡೆಗಳನ್ನು ಸುಡುತ್ತಿದ್ದುದು ನಿಜ; ಮೃದುತ್ವ ಕೊಟ್ಟ ಎಣ್ಣೆ ವರ್ಷಗಳಲ್ಲಿ ಆವಿಯಾಗಿ, ಹೊಲಿಗೆಯ ಗುಂಟ ಸೀಳು ಬಿಡುತ್ತಿದ್ದುದೂ ನಿಜ. ಆಗ ರೈತನು ಹೊಸ ಆಸನವನ್ನು ಕೊಳ್ಳುತ್ತಿರಲಿಲ್ಲ, ಮೆಕ್ಸಿಕೋದ ಪಟ್ಟೆ ಕಂಬಳಿಯೊಂದನ್ನು ಮೇಲೆ ಹಾಸುತ್ತಿದ್ದ. ಕುದುರೆಯ ಜೀನಿನ ಕೆಳಗಿನ ಕಂಬಳಿ ಹೀಗೆ ಆಸನದ ಮೇಲಕ್ಕೇರಿತು.

1955ರ ಷೆವ್ರೊಲೆ ಕ್ಯಾಮಿಯೊ ಕ್ಯಾರಿಯರ್‌ನಿಂದ ತೊಡಗಿ, ಟ್ರಕ್ಕನ್ನೂ ಕಾರಿನಂತೆ ಅಲಂಕರಿಸಿ ಮಾರುವ ಹಂಬಲ ಕಂಪನಿಗಳಿಗೆ ಹತ್ತಿತು. ಈ ಅಲಂಕಾರದ ಮೊದಲ ಘಟ್ಟದಲ್ಲಿ ಮೇಲ್ದರ್ಜೆಯ ಲಕ್ಷಣವಾಗಿ ಬಂದದ್ದು ಬಟ್ಟೆಯೇ. ಎಪ್ಪತ್ತರ ದಶಕದ ಟ್ರಕ್ಕುಗಳಲ್ಲಿ ಕೂಲಿಯ ಕೆಲಸಕ್ಕೆ ಹೋಗುವವುಗಳಿಗೆ ವಿನೈಲ್, ಭಾನುವಾರ ಇಗರ್ಜಿಗೆ ಹೋಗುವವುಗಳಿಗೆ ನೈಲಾನ್ ಬಟ್ಟೆ. ಎಂದರೆ ಕೋಚು ಗಾಡಿಯ ಹಳೆಯ ತಾರತಮ್ಯವೇ ಅರ್ಧ ಶತಮಾನ ತಡವಾಗಿ ಇಲ್ಲಿಯೂ ಕಾಣಿಸಿಕೊಂಡಿತು. ಆ ದಶಕದ ಒಂದು ತಮಾಷೆಯನ್ನು ಹೇಳದೆ ಬಿಡಲಾಗದು. 1973ರಲ್ಲಿ ಅಮೆರಿಕನ್ ಮೋಟಾರ್ಸ್ ಕಂಪನಿ ಲೀವೈಸ್ ಜೀನ್ಸಿನ ಹೆಸರಿನಲ್ಲಿ, ತಾಮ್ರದ ಗುಂಡಿಗಳ ಸಹಿತ, ಡೆನಿಮ್ ಆಸನಗಳ ಕಾರನ್ನು ಹೊರಡಿಸಿತು. ಅದೇ ಅಲಂಕಾರ ಜೀಪುಗಳಿಗೂ ಬಂದಿತು. ಆದರೆ ವಾಹನದೊಳಗಿನ ವಸ್ತುಗಳು ಇಷ್ಟಕ್ಕಿಂತ ಬೇಗ ಉರಿಯಕೂಡದೆಂಬ ಸರ್ಕಾರದ ನಿಯಮ ಅದರ ಹಿಂದಿನ ವರ್ಷವಷ್ಟೆ ಜಾರಿಗೆ ಬಂದಿದ್ದುದರಿಂದ ಹತ್ತಿಯ ನಿಜವಾದ ಡೆನಿಮ್ ಅಲ್ಲಿಗೆ ಸಲ್ಲಲಿಲ್ಲ. ಗಣಿಗಾರರ ಗಟ್ಟಿ ಉಡುಪೆಂದು ಹೆಸರಾದ ಬಟ್ಟೆಯ ವೇಷವನ್ನು ನೈಲಾನ್ ಧರಿಸಬೇಕಾಯಿತು.

ನಿಜವಾದ ತೊಗಲು ಟ್ರಕ್ಕಿಗೆ ಬಂದದ್ದು 1990ರ ದಶಕದಲ್ಲಿ. ಆ ಪ್ರವೇಶಕ್ಕೆ ಪಟ್ಟಾಭಿಷೇಕದ ಗಾಂಭೀರ್ಯವನ್ನು ತಂದುದು ಫೋರ್ಡ್ ಕಂಪನಿ 2001ರ ಮಾದರಿಯಾಗಿ ಹೊರಡಿಸಿದ ಕಿಂಗ್ ರ‍್ಯಾಂಚ್ ಎಫ್-150. ರಿಚರ್ಡ್ ಕಿಂಗ್ ಎಂಬ ಹಡಗಿನ ಕಪ್ತಾನ 1853ರಲ್ಲಿ ದಕ್ಷಿಣ ಟೆಕ್ಸಸ್ಸಿನಲ್ಲಿ ನೆಲವನ್ನು ಕೊಂಡು ಆರಂಭಿಸಿದ ಗೋಮಾಳವೇ ಕಿಂಗ್ ರ‍್ಯಾಂಚ್. ಈಗ ಅದರ ವಿಸ್ತಾರ ಎಂಟು ಲಕ್ಷ ಎಕರೆಗಳನ್ನು ಮೀರುತ್ತದೆ. ಕ್ಷಾಮಪೀಡಿತವಾದ ಮೆಕ್ಸಿಕೋದ ಕ್ರುಯಿಲ್ಯಾಸ್ ಗ್ರಾಮದವರನ್ನು ಆತ ಕರೆತಂದು ನೆಲೆಗೊಳಿಸಿದ. ಅವರ ಸಂತತಿಯ ದನಗಾಹಿಗಳಿಗಾಗಿ ಜೀನುಗಳನ್ನು ಹೊಲಿಯುವ ಅಂಗಡಿಯೊಂದು ಅಲ್ಲಿ ಬೆಳೆಯಿತು. ಟ್ರಕ್ಕಿನ ಆಸನಕ್ಕೆ ಫೋರ್ಡ್ ಬಯಸಿದ್ದು ಈ ಜೀನಿನ ನೆನಪನ್ನು. ಕಂದುಬಣ್ಣದ, ಲೇಪ ತೆಳುವಾದ ತೊಗಲು. ಅದರ ಮೇಲೆ ಆ ಗೋಮಾಳದ ದನಗಳಿಗೆ ಹಾಕುವ ಬರೆಯ ಮುದ್ರೆ. ಆ ಗೋಮಾಳದಲ್ಲಿಯೇ ಬೆಳೆಸಿ, 1940ರಲ್ಲಿ ಅಮೆರಿಕದ ಸರ್ಕಾರದಿಂದ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆದ ಸಾಂತಾ ಗೆರ್ಟ್ರೂಡಿಸ್ ದನ, ಇಂಗ್ಲೆಂಡಿನ ಷಾರ್ಟ್‌ಹಾರ್ನಿಗೂ ಬ್ರಾಹ್ಮನ್ ಎಂಬ ಡುಬ್ಬದ ದನಕ್ಕೂ ಹುಟ್ಟಿದ್ದು. ಅಮೆರಿಕದ ಆ ಬ್ರಾಹ್ಮನ್ ತಳಿಯ ಪೂರ್ವಿಕರಲ್ಲಿ ಕಾಂಕ್ರೇಜ್, ಒಂಗೋಲು, ಗೀರ್ ದನಗಳ ಜೊತೆಗೆ ನಮ್ಮ ಬೆಳಗಾವಿ ವಿಜಾಪುರ ಪ್ರಾಂತದ ಎರೆನೆಲವನ್ನು ಉಳುತ್ತಿದ್ದ ಕೃಷ್ಣಾತೀರದ ಎತ್ತುಗಳ ತಳಿಯೂ ಸೇರಿದೆ. ಟ್ರಕ್ಕಿನ ಆಸನದ ತೊಗಲು ಆ ದನಗಳದೇ ಎಂದು ಯಾರೂ ಭ್ರಮಿಸಬೇಕಾಗಿಲ್ಲ. ಮುದ್ರೆ ಗೋಮಾಳದ್ದು, ತೊಗಲು ಕಾರ್ಖಾನೆಗಳ ವ್ಯಾಪಾರದ್ದು.

ಲೇಪ ತೆಳುವಾದ ಆ ತೊಗಲು ಜೀನಿನಂತೆಯೇ ಆರೈಕೆಯನ್ನು ಬೇಡಿತು. ನಿಯತವಾಗಿ ಎಣ್ಣೆಯಂಶವನ್ನು ತಿಕ್ಕದೆ ಬಿಟ್ಟವರ ಟ್ರಕ್ಕುಗಳಲ್ಲಿ ಅದು ಒಣಗಿ, ಬಣ್ಣಗೆಟ್ಟು, ಬಿರಿಯಿತು. ಜೀನನ್ನು ಪ್ರತಿದಿನ ಮುಟ್ಟಿ ಒರಸುತ್ತಿದ್ದ ದನಗಾಹಿಯ ಕೈ ಟ್ರಕ್ಕಿನ ಮಾಲೀಕನಿಗೆ ಇರಲಿಲ್ಲ. ಉಳಿದ ತೊಗಲಿನ ಆಸನಗಳ ಕತೆ ಬೇರೆ, ಅದನ್ನು ತಿಳಿಯುವುದಕ್ಕೆ ಹದಗಾರಿಕೆಯನ್ನು ಸ್ವಲ್ಪ ನೋಡಬೇಕು. ಓಕ್, ಹೆಮ್ಲಾಕ್ ಮರಗಳ ತೊಗಟೆಯ ರಸದಲ್ಲಿ, ನಮ್ಮಲ್ಲಾದರೆ ತಂಗಡಿಯ ಚಕ್ಕೆಯ ರಸದಲ್ಲಿ, ವಾರ ತಿಂಗಳುಗಳ ಕಾಲ ನೆನೆಸಿ ಹದಮಾಡುತ್ತಿದ್ದುದು ಪುರಾತನ ಕ್ರಮ. 1884ರಲ್ಲಿ ಆಗಸ್ಟಸ್ ಷುಲ್ಟ್ಸ್ ಎಂಬ ಬಣ್ಣದ ವ್ಯಾಪಾರದವನು ಕ್ರೋಮಿಯಂ ಲವಣಗಳಿಂದ ಅತ್ಯಲ್ಪ ಕಾಲದಲ್ಲಿ ಹದಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದನು. ಕುದಿಯುವ ನೀರನ್ನೂ ತಾಳುವ ತೊಗಲು ಇದರಿಂದ ಸಾಧ್ಯವಾಯಿತು. ಈ ವಿದ್ಯೆಯನ್ನು ಮದರಾಸಿನಲ್ಲಿ ನೆಲೆಗೊಳಿಸಿದ ಆಲ್ಫ್ರೆಡ್ ಚಾಟರ್ಟನ್, ಕಪಿಲೆ ಬಾವಿಯ ತೊಗಲಬಾನಿಗಳು ನೀರಿನಲ್ಲಿ ಕೊಳೆಯದಿರಲೆಂದು ಕ್ರೋಮ್ ತೊಗಲನ್ನು ಪ್ರಯೋಗಿಸಿ, ಮುಂದೆ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಡೈರೆಕ್ಟರಾಗಿ ಬಂದುದನ್ನು ಇಲ್ಲಿ ಸ್ಮರಿಸಬಹುದು.

ವಾಹನದ ತೊಗಲು ಕ್ರೋಮ್ ಹದದ್ದಾಗಲಿ, ಕ್ರೋಮ್ ಬಿಟ್ಟ ಈಚಿನ ಹದದ್ದಾಗಲಿ, ಒಂದು ಮಿಲಿಮೀಟರಿಗಿಂತ ತುಸುವಷ್ಟೇ ದಪ್ಪ. ಅದರ ಸಹಜ ಮುಖವನ್ನು ಬಹುಮಟ್ಟಿಗೆ ಉಜ್ಜಿ ಸಮಗೊಳಿಸಿ, ಮೇಲೆ ಬಣ್ಣವನ್ನೂ ಪಾಲಿಯುರೆಥೇನ್ ಲೇಪವನ್ನೂ ಎರಚುತ್ತಾರೆ. ಮಿಲಿಮೀಟರಿನ ಹತ್ತರಲ್ಲೊಂದು ಭಾಗಕ್ಕಿಂತ ತೆಳುವಾದ ಈ ಪೊರೆ ಇರುವವರೆಗೆ ಆಸನ ಚೆನ್ನ. ಅದು ಸವೆದ ಮೇಲೆ ತೊಗಲಿಗೆ ಬೆವರು, ಬಿಸಿಲು, ಧೂಳು ಇವುಗಳ ನೇರ ಸಂಪರ್ಕ. ಆದ್ದರಿಂದ ತೊಗಲು ಬಾಳಿತೆಂದು ಹೊಗಳುವವರು ಹಲವು ವೇಳೆ ಹೊಗಳುತ್ತಿರುವುದು ಒಂದು ಬಗೆಯ ಬಣ್ಣದ ಕೌಶಲವನ್ನು. ಸಾಲದುದಕ್ಕೆ, ತೊಗಲಿನದೆಂದು ಮಾರುವ ಅನೇಕ ಆಸನಗಳಲ್ಲಿ ಮೈ ತಾಗುವ ಮೇಲ್ಮೈ ಮಾತ್ರ ತೊಗಲು. ಪಕ್ಕಗಳೂ ಬೆನ್ನೂ ವಿನೈಲ್. ಇತ್ತ ಇಂದಿನ ಬಟ್ಟೆ ಬಹುತೇಕ ಪಾಲಿಯೆಸ್ಟರ್: ಬಿರಿಯುವುದಿಲ್ಲ, ಬಿಸಿಲಿಗೆ ಕಾದು ಮೈಯನ್ನು ಸುಡುವುದಿಲ್ಲ, ನುಸಿಗೆ ಆಹಾರವಾಗುವುದಿಲ್ಲ; ಆದರೆ ಚೆಲ್ಲಿದ ಕಾಫಿಯನ್ನು ಒಳಗಿನ ನೊರೆದಿಂಬಿಗೆ ದಾಟಿಸಿಬಿಡುತ್ತದೆ, ನಾಯಿಯ ವಾಸನೆಯನ್ನು ಬಿಟ್ಟುಕೊಡುವುದಿಲ್ಲ. ಕಲೆಯನ್ನು ಸಹಿಸಲಾರದವನಿಗೆ ತೊಗಲು, ಆರೈಕೆಗೆ ಬಿಡುವಿಲ್ಲದವನಿಗೆ ಬಟ್ಟೆ ಎಂದು ನಾನು ಹೇಳುವೆನು. ಕೆಸರಿನಲ್ಲಿ ದುಡಿಯುವವನಿಗೆ ಇವೆರಡೂ ಬೇಡ.

ಪ್ರಯೋಗಶಾಲೆಗಳಲ್ಲಿ ತಿರುಗುವ ಉಜ್ಜುಗಾಲಿಗಳ ಕೆಳಗೆ ಎರಡನ್ನೂ ಸಾವಿರಾರು ಸಲ ತೇಯ್ದು ಅಂಕ ಕೊಡುತ್ತಾರೆ. ಟ್ರಕ್ಕಿನಲ್ಲಾದರೋ ಸವೆತ ಆಸನದ ಎಲ್ಲೆಡೆ ಸಮನಾಗಿ ಬರುವುದಿಲ್ಲ. ನೆಲದಿಂದ ಎತ್ತರಕ್ಕೆ ನಿಂತ ವಾಹನವಾದ್ದರಿಂದ, ಹತ್ತುವಾಗಲೂ ಇಳಿಯುವಾಗಲೂ ಚಾಲಕನ ಇಡೀ ಮೈಭಾರ ಬಾಗಿಲ ಕಡೆಯ ಉಬ್ಬಂಚಿನ ಮೇಲೆ ಜಾರುತ್ತದೆ. ಎಡಗಡೆ ಕುಳಿತು ನಡೆಸುವ ಆ ದೇಶದಲ್ಲಿ ಹಳೆಯ ಟ್ರಕ್ಕನ್ನು ಕೊಳ್ಳುವ ಅನುಭವಿಗಳು ಮೊದಲು ಬಾಗಿಲು ತೆಗೆದು ನೋಡುವುದು ಆ ಎಡ ಅಂಚನ್ನೇ. ತೊಗಲಾದರೆ ಅಲ್ಲಿ ಬಣ್ಣ ಹೋಗಿ ಬಿಳಿಚಿಕೊಂಡಿರುತ್ತದೆ, ಬಟ್ಟೆಯಾದರೆ ಎಳೆ ಕಿತ್ತು ಜುಂಗು ಎದ್ದಿರುತ್ತದೆ. ಆಸನ ಹೊಲಿಯುವವನು ಎರಡಕ್ಕೂ ಆ ಒಂದು ಭಾಗವನ್ನು ಮಾತ್ರ ಬಿಚ್ಚಿ ಬೇರೆ ತುಂಡನ್ನು ಕೂರಿಸುತ್ತಾನೆ. ಬಹುಮಂದಿ ಅವನ ಬಳಿಗೂ ಹೋಗದೆ ಕ್ಯಾನ್ವಾಸಿನ ಗೌಸು ತೊಡಿಸಿ ಸುಮ್ಮನಾಗುತ್ತಾರೆ. ಹೊಸದಾಗಿ ಕೊಂಡ ತೊಗಲಿನ ಆಸನಕ್ಕೂ ಮೊದಲ ದಿನವೇ ಅದನ್ನು ತೊಡಿಸುವವರುಂಟು.