‘ದಂಗಲ್’ ಮತ್ತು ಚೀನಾದ ಗಲ್ಲಾಪೆಟ್ಟಿಗೆ

ಹರಿಯಾಣದ ಬಲಾಲಿ ಗ್ರಾಮದ ಕುಸ್ತಿಪಟು ಮಹಾವೀರ್ ಸಿಂಗ್ ಫೋಗಟ್ ಹಾಗೂ ಅವರ ಗರಡಿಯಲ್ಲಿ ಪಳಗಿದ ಹೆಣ್ಣುಮಕ್ಕಳಾದ ಗೀತಾ ಮತ್ತು ಬಬಿತಾ ಅವರ ಬದುಕನ್ನು ಆಧರಿಸಿ ನಿತೇಶ್ ತಿವಾರಿ ನಿರ್ದೇಶಿಸಿದ ‘ದಂಗಲ್’, ಭಾರತದಲ್ಲಿ 2016ರ ಡಿಸೆಂಬರ್ 23ರಂದೂ ಚೀನಾದಲ್ಲಿ 2017ರ ಮೇ 5ರಂದೂ ಬಿಡುಗಡೆಯಾಯಿತು. ಭಾರತದಲ್ಲಿ ಹಿಂದಿ ಆವೃತ್ತಿಯ ನಿವ್ವಳ ಗಳಿಕೆ ಸುಮಾರು 387 ಕೋಟಿ ರೂಪಾಯಿಯಾದರೆ, ಚೀನಾದಲ್ಲಿ ಸಂಗ್ರಹವಾದ ಮೊತ್ತ ಸುಮಾರು 130 ಕೋಟಿ ಯುವಾನ್, ಅಂದರೆ ಅಂದಿನ ವಿನಿಮಯ ದರದಲ್ಲಿ 1,200 ಕೋಟಿ ರೂಪಾಯಿಗೂ ಹೆಚ್ಚು. ಪತ್ರಿಕೆಗಳು ಈ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಪವಾಡವೆಂದು ಬಣ್ಣಿಸಿದವು. ಆದರೆ ಆ ಗಳಿಕೆಯ ಹಿಂದೆ ಅರವತ್ತು ವರ್ಷಗಳ ವ್ಯಾಪಾರದ ಇತಿಹಾಸವಿದೆ. ಮೇಲಾಗಿ ಹಾಗೆ ಪಕ್ಕಪಕ್ಕದಲ್ಲಿಟ್ಟ ಅಂಕಿಗಳು ಒಂದೇ ಜಾತಿಯವೂ ಅಲ್ಲ.

ಟಿಕೆಟ್ ಕಿಟಕಿಯಲ್ಲಿ ಪ್ರೇಕ್ಷಕ ಕೊಟ್ಟ ಅಷ್ಟೂ ಹಣ ಒಟ್ಟು ಗಳಿಕೆ; ಅದರಲ್ಲಿ ತೆರಿಗೆ ಕಳೆದು ಉಳಿದದ್ದು ನಿವ್ವಳ; ನಿವ್ವಳದಲ್ಲಿ ಚಿತ್ರಮಂದಿರದ ಭಾಗ ತೆಗೆದು ಹಂಚಿಕೆದಾರನ ಕೈಸೇರುವುದು ಶೇರು. ಗಾಂಧಿನಗರದ ವ್ಯವಹಾರದಲ್ಲಿ ನಿರ್ಮಾಪಕ ಕೊನೆಗೆ ಕೇಳುವುದು ಈ ಶೇರಿನ ಲೆಕ್ಕವನ್ನೇ. ಜಿಎಸ್‌ಟಿ ಬರುವವರೆಗೆ ಮನರಂಜನಾ ತೆರಿಗೆ ರಾಜ್ಯಗಳ ಅಧೀನದಲ್ಲಿದ್ದು, ಕರ್ನಾಟಕದಲ್ಲಿ ಕನ್ನಡ ಚಿತ್ರಗಳಿಗೆ ವಿನಾಯಿತಿ, ಪರಭಾಷಾ ಚಿತ್ರಗಳಿಗೆ ತೆರಿಗೆ ಎಂಬಂತೆ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯಾಗಿದ್ದರಿಂದ, ಹಿಂದಿ ಚಿತ್ರೋದ್ಯಮ ನಿವ್ವಳವನ್ನೇ ಅಳತೆಗೋಲಾಗಿ ಬಳಸುತ್ತಿತ್ತು. ಚೀನಾದ ಅಧಿಕೃತ ಅಂಕಿಯಾದರೋ ಒಟ್ಟು ಗಳಿಕೆ, ಸಾಲದ್ದಕ್ಕೆ 2017ರಿಂದ ಆನ್‌ಲೈನ್ ಟಿಕೆಟ್‌ನ ಸೇವಾಶುಲ್ಕವನ್ನೂ ಅದರೊಳಗೆ ಸೇರಿಸಲಾಗುತ್ತಿತ್ತು. 387ನ್ನು 1,200ರ ಎದುರು ನಿಲ್ಲಿಸುವ ಹೋಲಿಕೆ ಈ ಕಾರಣಕ್ಕೆ ಮೊದಲಿನಿಂದಲೇ ಸೊಟ್ಟಗಿದೆ.

ಭಾರತೀಯ ಚಿತ್ರವೊಂದು ವಿದೇಶದಲ್ಲಿ ತವರಿಗಿಂತ ಹೆಚ್ಚು ಜನರನ್ನು ಸೆಳೆದದ್ದು ಇದೇ ಮೊದಲಲ್ಲ. ರಾಜ್ ಕಪೂರ್ ಅವರ ‘ಆವಾರಾ’ 1954ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ತೆರೆಕಂಡು ಆರು ಕೋಟಿಗೂ ಹೆಚ್ಚು ಟಿಕೆಟ್‌ಗಳನ್ನು ಮಾರಿತು. ಮರುವರ್ಷ ಚೀನಾದಲ್ಲಿ ಭಾರತೀಯ ಚಿತ್ರಗಳ ಸಪ್ತಾಹ ನಡೆದಾಗ ‘ದೋ ಬೀಘಾ ಜಮೀನ್’ ಜೊತೆಗೆ ಅಲ್ಲಿಗೂ ಹೋಯಿತು. ಆದರೆ ಅಲ್ಲಿನ ಸರ್ಕಾರಿ ಸಂಸ್ಥೆಗಳು ಚಿತ್ರವನ್ನು ನಿಗದಿತ ಬೆಲೆಗೆ ಕೊಳ್ಳುತ್ತಿದ್ದವು. ಎಷ್ಟು ಕೋಟಿ ಜನ ನೋಡಿದರೂ ನಿರ್ಮಾಪಕನಿಗೆ ಬರುವ ಹಣ ಮೊದಲೇ ತೀರ್ಮಾನವಾಗಿರುತ್ತಿತ್ತು. ಜನಪ್ರಿಯತೆಗೂ ಆದಾಯಕ್ಕೂ ಹೀಗೆ ಸಂಬಂಧವೇ ಇಲ್ಲದ ವಿಚಿತ್ರ ಮಾರುಕಟ್ಟೆ ಅದು. ಚೀನಾದೊಂದಿಗೆ ನಂಟುಳ್ಳ ಭಾರತೀಯ ಜೀವನಚಿತ್ರವೊಂದು ಇದಕ್ಕೂ ಮುಂಚೆ, 1946ರಲ್ಲೇ ಬಂದಿತ್ತು: ಚೀನೀ ಸೈನಿಕರ ಶುಶ್ರೂಷೆಗೆಂದು ಹೋಗಿ ಅಲ್ಲೇ ಮಡಿದ ಸೊಲ್ಲಾಪುರದ ವೈದ್ಯ ದ್ವಾರಕಾನಾಥ ಕೋಟ್ನಿಸ್ ಅವರನ್ನು ಕುರಿತು ‘ಡಾ. ಕೋಟ್ನಿಸ್ ಕೀ ಅಮರ್ ಕಹಾನಿ’ಯನ್ನು ವಿ. ಶಾಂತಾರಾಮ್ ನಿರ್ದೇಶಿಸಿ ತಾವೇ ನಾಯಕನಾಗಿ ನಟಿಸಿದ್ದರು. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ದುಡಿಯುತ್ತ, ಅಲ್ಲಿನದೇ ಒಂದು ಚಿತ್ರಮಂದಿರದಲ್ಲಿ ಚಿಲ್ಲರೆ ಕೆಲಸ ಮಾಡುತ್ತ ಸಿನಿಮಾದ ಗುಂಗು ಹಚ್ಚಿಸಿಕೊಂಡಿದ್ದ ಶಾಂತಾರಾಮ್, ಆ ಚಿತ್ರದ ಇಂಗ್ಲಿಷ್ ಆವೃತ್ತಿಯನ್ನೂ ಸಿದ್ಧಪಡಿಸಿ ಪಶ್ಚಿಮದತ್ತ ಕಳಿಸಿದರು. ಅಂತರ್ಯುದ್ಧದಲ್ಲಿ ಬೇಯುತ್ತಿದ್ದ ಅಂದಿನ ಚೀನಾ ಯಾರಿಗೂ ಮಾರುಕಟ್ಟೆಯಾಗಿ ಕಾಣುವಂತಿರಲಿಲ್ಲ.

1962ರ ಯುದ್ಧ ಮತ್ತು ಆನಂತರದ ಸಾಂಸ್ಕೃತಿಕ ಕ್ರಾಂತಿ ಈ ವಿನಿಮಯವನ್ನು ನಿಲ್ಲಿಸಿದವು. ಎಪ್ಪತ್ತರ ದಶಕದ ಕೊನೆಗೆ ‘ಆವಾರಾ’ ಮತ್ತೆ ತೆರೆಗೆ ಬಂತು, ‘ಕ್ಯಾರವಾನ್’ ಜನಪ್ರಿಯವಾಯಿತು, ಆಮೇಲೆ ಹಾಲಿವುಡ್ ಬಂತು. 1994ರಲ್ಲಿ ಚೀನಾ ಸರ್ಕಾರ ವರ್ಷಕ್ಕೆ ಹತ್ತು ವಿದೇಶಿ ಚಿತ್ರಗಳನ್ನು ಗಳಿಕೆಯಲ್ಲಿ ಪಾಲು ಕೊಡುವ ಷರತ್ತಿನ ಮೇಲೆ ಆಮದು ಮಾಡಿಕೊಳ್ಳಲು ಒಪ್ಪಿತು. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ ಮೇಲೆ ಈ ಮಿತಿ ಇಪ್ಪತ್ತಕ್ಕೆ, 2012ರಲ್ಲಿ ಅಮೆರಿಕದೊಂದಿಗಿನ ಒಪ್ಪಂದದಿಂದಾಗಿ 34ಕ್ಕೆ ಏರಿ, ವಿದೇಶಿ ನಿರ್ಮಾಪಕರ ಪಾಲು ಶೇಕಡ 25 ಎಂದು ನಿಗದಿಯಾಯಿತು. ಇದರ ಹೊರಗೆ ಬರುವ ಚಿತ್ರಗಳನ್ನು ಹಳೆಯ ಪದ್ಧತಿಯಂತೆ ಒಂದೇ ಮೊತ್ತ ಕೊಟ್ಟು ಕೊಳ್ಳಲಾಗುತ್ತಿತ್ತು. ಎರಡು ಬಾಗಿಲುಗಳಲ್ಲಿ ಯಾವುದರಿಂದ ಒಳಹೋದರೂ ಆಮದಿನ ಅಧಿಕಾರ ಚೈನಾ ಫಿಲ್ಮ್ ಗ್ರೂಪ್ ಎಂಬ ಸರ್ಕಾರಿ ಸಂಸ್ಥೆಯದು, ಬಿಡುಗಡೆಯ ದಿನಾಂಕವನ್ನು ಗೊತ್ತುಮಾಡುವವರೂ ಅಲ್ಲಿಯವರೇ.

‘ದಂಗಲ್’ನ ನಾಯಕನಟ ಅಮೀರ್ ಖಾನ್ ಹೆಸರು ಚೀನಾದ ಯುವಜನರಿಗೆ ಪರಿಚಯವಾದದ್ದು ‘3 ಈಡಿಯಟ್ಸ್’ ಮೂಲಕ. 2011ರ ಡಿಸೆಂಬರಿನಲ್ಲಿ ಆ ಚಿತ್ರ ಅಲ್ಲಿನ ಚಿತ್ರಮಂದಿರಗಳಿಗೆ ಬರುವಷ್ಟರಲ್ಲಿ ನಕಲಿ ಪ್ರತಿಗಳ ಮೂಲಕ ವಿದ್ಯಾರ್ಥಿಗಳು ಅದನ್ನು ನೋಡಿ ಮುಗಿಸಿದ್ದರು. ಕಾನೂನಿನ ಕಣ್ಣಿನಲ್ಲಿ ಕಳ್ಳಸರಕಾದದ್ದು ಮುಂದಿನ ಚಿತ್ರಗಳಿಗೆ ಪುಕ್ಕಟೆ ಜಾಹೀರಾತಾಯಿತೆಂದರೆ ತಪ್ಪಾಗಲಾರದು. 2015ರ ‘ಪಿಕೆ’ ಹತ್ತು ಕೋಟಿ ಯುವಾನ್ ದಾಟಿ ಈ ನೆಲ ಹದವಾಗಿದೆಯೆಂದು ತೋರಿಸಿತು. ಈ ನಡುವೆ ಚೀನಾದ ಚಿತ್ರಪರದೆಗಳ ಸಂಖ್ಯೆ 2016ರ ಕೊನೆಗೆ 41,000 ದಾಟಿ ಅಮೆರಿಕವನ್ನೂ ಹಿಂದಿಕ್ಕಿತ್ತು. ಅಂದಿನ ಭಾರತದಲ್ಲಿ ಪರದೆಗಳ ಸಂಖ್ಯೆ ಹತ್ತು ಸಾವಿರದ ಒಳಗೇ ಇದ್ದು, ಅದರಲ್ಲೂ ಒಂಟಿ ಪರದೆಯ ಹಳೆಯ ಟಾಕೀಸುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು.

2017ರ ಏಪ್ರಿಲ್‌ನಲ್ಲಿ ಬೀಜಿಂಗ್ ಚಿತ್ರೋತ್ಸವದಲ್ಲಿ ‘ದಂಗಲ್’ ಪ್ರದರ್ಶನಗೊಂಡಿತು, ಅಮೀರ್ ಖಾನ್ ಹಲವು ನಗರಗಳಲ್ಲಿ ಪ್ರಚಾರ ನಡೆಸಿದರು, ಮೂಲದಲ್ಲಿ 161 ನಿಮಿಷವಿದ್ದ ಚಿತ್ರವನ್ನು 140 ನಿಮಿಷದ ಆಸುಪಾಸಿಗೆ ಇಳಿಸಲಾಯಿತು. ಅದೇ ಮೇ 5ರಂದು ಹಾಲಿವುಡ್‌ನ ‘ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ’ಯ ಎರಡನೆಯ ಭಾಗವೂ ಬಿಡುಗಡೆಯಾಗಿದ್ದರಿಂದ ಮೊದಲ ವಾರಾಂತ್ಯದಲ್ಲಿ ‘ದಂಗಲ್’ಗೆ ಎರಡನೆಯ ಸ್ಥಾನವೇ ದಕ್ಕಿತು. ಸಾಮಾನ್ಯವಾಗಿ ದೊಡ್ಡ ಚಿತ್ರದ ಗಳಿಕೆ ಎರಡನೆಯ ವಾರದಲ್ಲಿ ಕುಸಿಯುತ್ತದೆ. ಇಲ್ಲಿ ಅದು ಇಮ್ಮಡಿಗೂ ಮೀರಿ ಏರಿ ಚಿತ್ರ ಮೊದಲ ಸ್ಥಾನಕ್ಕೆ ಬಂತು. ದೌಬಾನ್ ಎಂಬ ತಾಣದಲ್ಲಿ ಪ್ರೇಕ್ಷಕರು ಹತ್ತಕ್ಕೆ ಒಂಬತ್ತರ ಮೇಲೆ ಅಂಕ ಕೊಟ್ಟಿದ್ದರು. ಟಿಕೆಟ್‌ಗಳಲ್ಲಿ ಹೆಚ್ಚಿನ ಪಾಲು ಮೊಬೈಲಿನಲ್ಲೇ ಮಾರಾಟವಾಗುತ್ತಿದ್ದ ಆ ದೇಶದಲ್ಲಿ ಯಾವ ಚಿತ್ರಕ್ಕೆ ಬೇಡಿಕೆ ಏರುತ್ತಿದೆಯೆಂಬುದು ಚಿತ್ರಮಂದಿರದ ವ್ಯವಸ್ಥಾಪಕನಿಗೆ ಗಂಟೆಗಂಟೆಗೂ ತಿಳಿಯುತ್ತಿತ್ತು, ಮರುದಿನದ ಆಟಗಳನ್ನು ಅವನು ಅದಕ್ಕೆ ತಕ್ಕಂತೆ ಬದಲಿಸುತ್ತಿದ್ದನು. ವಾರಕ್ಕೊಮ್ಮೆ ಮಾತ್ರ ಚಿತ್ರ ಬದಲಾಗುವ ವ್ಯವಸ್ಥೆಯಲ್ಲಿ ಈ ಏರಿಕೆ ಇಷ್ಟು ಬೇಗ ಸಾಧ್ಯವಾಗುತ್ತಿರಲಿಲ್ಲ. ಚೀನಾದಲ್ಲಿ ಚಿತ್ರವೊಂದರ ಓಟಕ್ಕೆ ಸಾಮಾನ್ಯವಾಗಿ ಒಂದು ತಿಂಗಳ ಗಡುವು: ಡಿಜಿಟಲ್ ಪ್ರತಿಯೊಂದಿಗೆ ಕೊಡುವ ಗುಪ್ತಕೀಲಿಯ ಅವಧಿ ಮುಗಿದರೆ ಪ್ರೊಜೆಕ್ಟರ್ ಆ ಚಿತ್ರವನ್ನು ತೆರೆಯುವುದೇ ಇಲ್ಲ. ‘ದಂಗಲ್’ನ ಕೀಲಿಯ ಅವಧಿಯನ್ನು ಇನ್ನೊಂದು ತಿಂಗಳು ವಿಸ್ತರಿಸಲಾಯಿತು. ಚೀನಾದಲ್ಲಿ ಹಾಲಿವುಡ್‌ನದಲ್ಲದ ವಿದೇಶಿ ಚಿತ್ರಗಳ ಪೈಕಿ ಅಲ್ಲಿಯವರೆಗೆ ಮುಂದಿದ್ದದ್ದು ಜಪಾನಿನ ‘ಯುವರ್ ನೇಮ್’ ಎಂಬ ಅನಿಮೇಷನ್ ಚಿತ್ರ; ಅದರ ಎರಡರಷ್ಟಕ್ಕೂ ಹೆಚ್ಚು ಹಣವನ್ನು ‘ದಂಗಲ್’ ಸಂಗ್ರಹಿಸಿತು.

ಕಥಾವಸ್ತುವಿನ ಪಾತ್ರವೂ ಇದರಲ್ಲಿ ಸಣ್ಣದಲ್ಲ. ಒಂದೇ ಮಗು ಎಂಬ ನೀತಿ 2016ರ ಆರಂಭದಲ್ಲಿ ಅಧಿಕೃತವಾಗಿ ಕೊನೆಗೊಂಡಿದ್ದ ದೇಶದಲ್ಲಿ, ಗಂಡುಮಗನಿಗಾಗಿ ಹಂಬಲಿಸಿದ ತಂದೆ ಹೆಣ್ಣುಮಕ್ಕಳನ್ನೇ ಅಖಾಡಕ್ಕಿಳಿಸುವ ಕಥೆಯನ್ನು ಅರ್ಥಮಾಡಿಸಲು ಅಡಿಟಿಪ್ಪಣಿ ಬೇಕಿರಲಿಲ್ಲ. ಮಕ್ಕಳ ಕೂದಲು ಕತ್ತರಿಸಿ, ಬೆಳಗಿನ ಜಾವ ಎಬ್ಬಿಸಿ ಓಡಿಸುವ ತಂದೆಯನ್ನು ಕಂಡು, ಇದು ಹೆಣ್ಣಿನ ಬಿಡುಗಡೆಯೋ ಅಪ್ಪನ ದರ್ಬಾರೋ ಎಂಬ ವಾದ ಅಲ್ಲಿ ಬಿಸಿಯಾಗಿಯೇ ನಡೆಯಿತು, ಆ ವಾದವೂ ಟಿಕೆಟ್ ಮಾರಿತು. ನಿಜಜೀವನದ ಗೀತಾ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಅಂತಿಮ ಪಂದ್ಯವನ್ನು ಸಲೀಸಾಗಿ ಗೆದ್ದಿದ್ದರೆ, ಚಿತ್ರದಲ್ಲಿ ಗೆಲುವು ಕೊನೆಯ ಕ್ಷಣದ ಐದು ಅಂಕಗಳ ಪಟ್ಟಿನ ಮೇಲೆ ನಿಲ್ಲುತ್ತದೆ, ತಂದೆಯನ್ನು ಕೋಣೆಯೊಂದರಲ್ಲಿ ಕೂಡಿಹಾಕುವ ಕಲ್ಪಿತ ಸನ್ನಿವೇಶವೂ ಸೇರಿಕೊಂಡಿದೆ. ಜೀವನಚಿತ್ರವೆಂಬ ಪ್ರಕಾರ ಇಷ್ಟು ಸಲಿಗೆಯನ್ನು ಎಲ್ಲ ದೇಶಗಳಲ್ಲೂ ತೆಗೆದುಕೊಂಡಿದೆ. ಅದೇ ದೃಶ್ಯದಲ್ಲಿ ಮೊಳಗುವ ಭಾರತದ ರಾಷ್ಟ್ರಗೀತೆ ಚೀನಾದಲ್ಲಿ ಯಾರಿಗೂ ಅಡ್ಡಿಯಾಗಲಿಲ್ಲ, ಪಾಕಿಸ್ತಾನದ ಸೆನ್ಸಾರ್ ಮಂಡಳಿ ಮಾತ್ರ ಧ್ವಜವನ್ನೂ ಗೀತೆಯನ್ನೂ ಕತ್ತರಿಸಬೇಕೆಂದಾಗ ಅಮೀರ್ ಖಾನ್ ಒಪ್ಪದೆ ಅಲ್ಲಿನ ಬಿಡುಗಡೆಯನ್ನೇ ಕೈಬಿಟ್ಟರು. 2017ರ ಜೂನ್‌ನಲ್ಲಿ ಅಸ್ತಾನಾದಲ್ಲಿ ಭೇಟಿಯಾದಾಗ ಷಿ ಜಿನ್‌ಪಿಂಗ್ ತಾವು ‘ದಂಗಲ್’ ನೋಡಿ ಮೆಚ್ಚಿದ್ದಾಗಿ ನರೇಂದ್ರ ಮೋದಿಯವರಿಗೆ ತಿಳಿಸಿದರು. ಅದಾಗಿ ಕೆಲವೇ ದಿನಗಳಲ್ಲಿ ಡೋಕ್ಲಾಮ್‌ನಲ್ಲಿ ಎರಡೂ ದೇಶಗಳ ಸೈನಿಕರು ಮುಖಾಮುಖಿಯಾದರು.

ಇಷ್ಟಾದ ಮೇಲೆ ಶೇರಿನ ಲೆಕ್ಕ. ಪಾಲಿನ ಪದ್ಧತಿಯಲ್ಲಿ ಹೋದ ಚಿತ್ರಕ್ಕೂ ಚೀನಾದಿಂದ ಹಿಂದಿರುಗುವುದು ಗಳಿಕೆಯ ಕಾಲುಭಾಗಕ್ಕಿಂತ ಹೆಚ್ಚಲ್ಲ. ಆ ಪ್ರಮಾಣದಲ್ಲಿ 1,200 ಕೋಟಿ ಎಂಬುದು 300 ಕೋಟಿಗೆ ಇಳಿಯುತ್ತದೆ. ಭಾರತದ ಮಲ್ಟಿಪ್ಲೆಕ್ಸ್‌ಗಳಲ್ಲಾದರೆ, 2009ರಲ್ಲಿ ನಿರ್ಮಾಪಕರು ಎರಡು ತಿಂಗಳ ಕಾಲ ಚಿತ್ರಗಳನ್ನು ತಡೆಹಿಡಿದು ಪಡೆದ ಒಪ್ಪಂದದಂತೆ ಮೊದಲ ವಾರ ನಿವ್ವಳದ ಶೇಕಡ 50, ಆಮೇಲೆ 42.5, 37.5, 30 ಎಂದು ಇಳಿಯುತ್ತ ಹೋದರೂ, ಆರಂಭದ ವಾರಗಳಲ್ಲೇ ಹೆಚ್ಚಿನ ಜನ ಬರುವುದರಿಂದ ಸರಾಸರಿ ಪಾಲು ನಲವತ್ತರ ಮೇಲೆಯೇ ನಿಲ್ಲುತ್ತದೆ. ವಿಶ್ವಾದ್ಯಂತ 2,000 ಕೋಟಿ ಎಂಬ ಪ್ರಸಿದ್ಧ ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಈ ತೆಳು ಪಾಲಿನ ಮಾರುಕಟ್ಟೆಯದು.

2018ರ ಜನವರಿಯಲ್ಲಿ ಬಿಡುಗಡೆಯಾದ ಅಮೀರ್ ಖಾನ್ ಅವರ ‘ಸೀಕ್ರೆಟ್ ಸೂಪರ್‌ಸ್ಟಾರ್’ 70 ಕೋಟಿ ಯುವಾನ್ ದಾಟಿದಾಗ ಮುಂಬಯಿಯ ನಿರ್ಮಾಪಕರಿಗೆ ಚೀನಾ ಅಕ್ಷಯಪಾತ್ರೆಯಂತೆ ಕಂಡಿತು. ಅದೇ ವರ್ಷದ ಕೊನೆಗೆ ಅದೇ ನಟನ ‘ಥಗ್ಸ್ ಆಫ್ ಹಿಂದೊಸ್ತಾನ್’ ಅಲ್ಲಿ ನೆಲಕಚ್ಚಿತು, ಮರುವರ್ಷ ರಜನೀಕಾಂತ್ ಅವರ ‘2.0’ ಕೂಡ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ವೈಭವಕ್ಕೆ ಹಾಲಿವುಡ್ ಇದ್ದೇ ಇದ್ದ ಆ ಪ್ರೇಕ್ಷಕರು ಭಾರತದಿಂದ ಬಯಸಿದ್ದು ಮನೆಯೊಳಗಿನ ಕಥೆಗಳನ್ನು. 2020ರ ಸಾಂಕ್ರಾಮಿಕ ಮತ್ತು ಗಲ್ವಾನ್ ಸಂಘರ್ಷದ ಬಳಿಕ ಈ ವ್ಯಾಪಾರ ಬಹುಮಟ್ಟಿಗೆ ಸ್ತಬ್ಧವಾಗಿ, 2024ರ ಅಕ್ಟೋಬರಿನಲ್ಲಿ ಗಡಿಯ ಕುರಿತು ಎರಡೂ ದೇಶಗಳು ಒಪ್ಪಂದಕ್ಕೆ ಬಂದ ತರುವಾಯ, ನವೆಂಬರ್ 29ರಂದು ತಮಿಳಿನ ‘ಮಹಾರಾಜ’ ಚೀನಾದಲ್ಲಿ ಬಿಡುಗಡೆಯಾಯಿತು. ಅದೂ ತಂದೆ ಮತ್ತು ಮಗಳ ಕಥೆಯೇ.