ಓದಿ ಮುಂದೆ ಕೊಡಿ

ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಪುಸ್ತಕದ ಒಂದು ಪ್ರತಿ ನಾಲ್ಕು ವರ್ಷಗಳಿಂದ ನನ್ನ ಕಪಾಟಿನಲ್ಲಿದೆ. ಅದು ನನ್ನದಲ್ಲ. ಯಾರದೆಂದು ಹೇಳುವುದೂ ಕಷ್ಟ. ಮೊದಲ ಪುಟದಲ್ಲಿ ಏಳು ಹೆಸರುಗಳಿವೆ. ಏಳೂ ಬೇರೆ ಬೇರೆ ಕೈಬರಹ, ಒಂದೊಂದರ ಮುಂದೆ ಒಂದು ಇಸವಿ. ಕೊನೆಯ ಹೆಸರು ನನ್ನದು.

ಕೊಟ್ಟವರು ಕಾಚಿಗುಡದಲ್ಲಿದ್ದ ನಿವೃತ್ತ ಮಾಸ್ತರರು, ಬೀದರ ಕಡೆಯವರು. “ಓದಿ ಮುಂದ ಕೊಡ್ರಿ. ನನಗ ವಾಪಸ್ ಬ್ಯಾಡ” ಅಂದಿದ್ದರು. ಮೊದಲರ್ಧವನ್ನು ತಕ್ಷಣ ಪಾಲಿಸಿದೆ. ಉಳಿದರ್ಧ ಹಾಗೇ ಬಾಕಿ ಇದೆ. ಆಫೀಸಿನಲ್ಲಿ ಬೇರೆಯವರ ಡೆಡ್‌ಲೈನ್ ಕಾಯುವುದೇ ನನ್ನ ಕೆಲಸ, ನನ್ನದನ್ನು ಕಾಯುವವರಿಲ್ಲ.

ಓದದವರಿಗಾಗಿ ಪುಸ್ತಕದ ಬಗ್ಗೆ ಎರಡು ಮಾತು. ಸ್ವಾಮಿ ಡಿ.ವಿ.ಜಿ.ಯವರ ಮಗ, ಹಾರ್ವರ್ಡ್‌ನಲ್ಲಿ ಇರ್ವಿಂಗ್ ಬೈಲಿಯವರ ಜೊತೆ ಸಂಶೋಧನೆ ಮಾಡಿಬಂದ ಸಸ್ಯವಿಜ್ಞಾನಿ. 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು-ಬೆಟ್ಟ ಹತ್ತಿ ಗಿಡ ಸಂಗ್ರಹಿಸುವುದು ಅವರ ಕೆಲಸದ ಭಾಗವಾಗಿತ್ತು. ಆ ನಡಿಗೆಗಳ ಕಥೆಯೇ ‘ಹಸಿರು ಹೊನ್ನು’. ಪ್ರಕಟವಾದದ್ದು 1976ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1978ರಲ್ಲಿ. ಗಿಡದ ಲಕ್ಷಣ, ಅದರ ಹೆಸರಿನ ಹಿಂದಿನ ಕಥೆ, ಪ್ರವಾಸದ ಪಜೀತಿ, ಹುಡುಗರ ತರಲೆ, ಮೇಷ್ಟ್ರ ಕೀಟಲೆ ಎಲ್ಲವೂ ಕಲಸಿಕೊಂಡು ಬರುತ್ತವೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ನಕ್ಕು ಮುಗಿಸುವ ಹೊತ್ತಿಗೆ ನಾಲ್ಕು ಗಿಡ ಕಲಿತಿರುತ್ತೇವೆ.

ನಾನು ರಾಯಚೂರಿನವನು. ಜಾಲಿಗಿಡ ನೋಡಿ ಬೆಳೆದವನಿಗೆ ಘಟ್ಟದ ಕಾಡು ಪರದೇಶವೇ. ಆದರೂ ಈ ಪುಸ್ತಕ ನನಗೆ ಹತ್ತಿರವಾಗಲು ಬೇರೊಂದು ಕಾರಣವಿದೆ: ಸ್ವಾಮಿ ನಮ್ಮ ಹಾಗೆ ಹೊಟ್ಟೆಪಾಡಿಗೆ ಹೊರನಾಡಿಗೆ ಹೋದವರು. ಪಾಠ ಇಂಗ್ಲಿಷಿನಲ್ಲಿ, ಬೀದಿಯ ಮಾತು ತಮಿಳಿನಲ್ಲಿ, ಬರೆದದ್ದು ಮಾತ್ರ ಕನ್ನಡದಲ್ಲಿ. ಮದರಾಸಿನ ಆ ಬದುಕಿನ ಬಗ್ಗೆಯೇ ‘ತಮಿಳು ತಲೆಗಳ ನಡುವೆ’ ಎಂಬ ಇನ್ನೊಂದು ಪುಸ್ತಕ ಬರೆದರು.

ಹೈದರಾಬಾದಿಗೂ ಹೀಗೆ ಪುಸ್ತಕ ಹಂಚಿಕೊಂಡು ಭಾಷೆ ಉಳಿಸಿಕೊಂಡ ಚರಿತ್ರೆಯಿದೆ. ನಿಜಾಮರ ರಾಜ್ಯದಲ್ಲಿ ತೆಲುಗು, ಮರಾಠಿ, ಕನ್ನಡ ಮಾತಾಡುವವರೇ ಹೆಚ್ಚು, ಆಡಳಿತದ ಭಾಷೆ ಮಾತ್ರ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲೇ. ಅಂಥ ಊರಿನಲ್ಲಿ ತೆಲುಗರು 1901ರಲ್ಲಿ ತೆರೆದದ್ದು ಒಂದು ಗ್ರಂಥಾಲಯ, ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯಂ. ಹಂಪಿಯಿಂದ ಆಳಿದ ದೊರೆಯ ಹೆಸರನ್ನೇ ಅದಕ್ಕಿಟ್ಟರು. 1956ರ ನವೆಂಬರ್ 1ರಂದು ರಾಜ್ಯ ಒಡೆದಾಗ ಬೀದರ, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದವು. ಕೆಲಸ, ಮನೆ, ಮಕ್ಕಳ ಶಾಲೆ ಅಂತ ಹೈದರಾಬಾದಿನಲ್ಲೇ ಉಳಿದ ಕನ್ನಡಿಗರು ಊರು ಬಿಡದೆಯೇ ಹೊರನಾಡಿಗರಾದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಅವರ ನೆಲೆಗಳು. ಐಟಿ ಕೆಲಸಕ್ಕೆಂದು ಬಂದು ಮಾಧಾಪುರ, ಗಚ್ಚಿಬೌಲಿಗಳಲ್ಲಿ ಬಾಡಿಗೆಗಿರುವ ನಾವು ಎರಡನೆಯ ಅಲೆ. ನನ್ನ ಪ್ರತಿಯಲ್ಲಿರುವ ಏಳು ಹೆಸರುಗಳಲ್ಲಿ ಮೊದಲ ನಾಲ್ಕು ಕಾಚಿಗುಡದ ಕಡೆಯವು, ಮುಂದಿನ ಮೂರು ನಮ್ಮ ಕಡೆಯವು. ನಗರದ ಈ ಎರಡು ತುದಿಗಳ ಕನ್ನಡಿಗರು ಒಂದೇ ಕಡೆ ಸೇರಿದ್ದನ್ನು ನಾನು ನೋಡಿದ್ದು ಆ ಪುಟದಲ್ಲೇ.

ಆ ಪುಟ ನೋಡಿದಾಗಲೆಲ್ಲ ಗಿಡ ಸಂಗ್ರಹಿಸುವವರ ಒಂದು ಪದ್ಧತಿ ನೆನಪಾಗುತ್ತದೆ. ಕೊಯ್ದ ರೆಂಬೆಯನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಎಲ್ಲಿ ಸಿಕ್ಕಿತು, ಯಾವಾಗ, ಯಾರು ತಂದರು ಎಂದು ಚೀಟಿ ಬರೆಯುತ್ತಾರೆ. ಸಾಧ್ಯವಿದ್ದಾಗ ಒಂದೇ ಗಿಡದ ಹಲವು ರೆಂಬೆ ತಂದು, ಒಂದನ್ನು ತಾವಿಟ್ಟುಕೊಂಡು ಉಳಿದವನ್ನು ಬೇರೆ ಊರಿನ ಸಂಗ್ರಹಾಲಯಗಳಿಗೆ ಕಳಿಸುತ್ತಾರೆ. ಇದು ಬರೀ ಔದಾರ್ಯವಲ್ಲ. 1943ರ ಮಾರ್ಚ್‌ನಲ್ಲಿ ಬಾಂಬ್ ಬಿದ್ದು ಬರ್ಲಿನ್ನಿನ ಸಸ್ಯಸಂಗ್ರಹದ ಬಹುಪಾಲು ಸುಟ್ಟುಹೋಯಿತು. ಆಗ ವಿಜ್ಞಾನಿಗಳ ಕೈಹಿಡಿದದ್ದು ಅಲ್ಲಿಂದ ಮೊದಲೇ ಬೇರೆ ದೇಶಗಳಿಗೆ ಹೋಗಿದ್ದ ಜೋಡಿ ಮಾದರಿಗಳು. ಭದ್ರವಾಗಿಟ್ಟುಕೊಂಡದ್ದು ಬೂದಿಯಾಯಿತು, ಕೊಟ್ಟದ್ದು ಉಳಿಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬ್ಯಾಕಪ್ ಅದೇ ಕಟ್ಟಡದಲ್ಲಿರಬಾರದು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದೇನು? ಹೋದ ವರ್ಷ ಇಲ್ಲಿನ ಕ್ಯಾಂಪಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿರುವ ಸಾಗರದ ಹುಡುಗಿಯೊಬ್ಬಳು “ಸರ್, ಆ ಪುಸ್ತಕ ಒಂದು ವಾರಕ್ಕೆ ಕೊಡ್ತೀರಾ?” ಅಂತ ಕೇಳಿದಳು. “ಅಂಗಡಿಯಲ್ಲಿ ಹೊಸ ಪ್ರತಿ ಸಿಗುತ್ತಲ್ಲಮ್ಮ” ಅಂದುಬಿಟ್ಟೆ. ಅದು ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ. ಮಗಳು ದೊಡ್ಡವಳಾದ ಮೇಲೆ ಓದಲಿ ಎಂಬುದು ನನ್ನ ಒಳಗಿನ ಲೆಕ್ಕ. ಅವಳು ಹತ್ತನೇ ಕ್ಲಾಸು. ಶಾಲೆಯಲ್ಲಿ ತೆಲುಗು, ಇಂಗ್ಲಿಷು, ಹಿಂದಿ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಕಪಾಟಿನಲ್ಲಿ ಪುಸ್ತಕ ಕಾಯುತ್ತಿದ್ದರೆ ಅಕ್ಷರ ತಾನಾಗಿ ಬಂದೀತೇ?

ಈ ವರ್ಷ ಮಾಸ್ತರರು ತೀರಿಕೊಂಡರು. ಮಾತಾಡಿಸಿ ಬರಲು ಹೋದಾಗ ಅವರ ಮಗ, “ಅಪ್ಪಾಜಿಯ ಪುಸ್ತಕ ಏನಾದ್ರೂ ನಿಮ್ಮ ಕಡೆ ಅದಾವೇನ್ರಿ?” ಅಂತ ಕೇಳಿದರು. “ಒಂದು ಅದರೀ, ವಾಪಸ್ ಕೊಡಲೇನು?” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಹೆಂಗ ಹೇಳಿದ್ರೋ ಹಂಗ ಮಾಡ್ರಿ” ಅಂದರು.

ಕಳೆದ ವಾರ ಆ ಹುಡುಗಿಗೆ ಫೋನ್ ಮಾಡಿದೆ. ಬರುವ ಭಾನುವಾರ ಬರುತ್ತಾಳೆ. ಅಲ್ಲಿಯವರೆಗೆ ರಾತ್ರಿ ಊಟವಾದ ಮೇಲೆ ಮಗಳಿಗೆ ನಾನೇ ಗಟ್ಟಿಯಾಗಿ ಓದಿ ಹೇಳುತ್ತಿದ್ದೇನೆ. ಗಿಡದ ಲಕ್ಷಣ ಬಂದಾಗ ಆಕಳಿಸುತ್ತಾಳೆ, ಕೀಟಲೆ ಬಂದಾಗ ನಗುತ್ತಾಳೆ. ನಿನ್ನೆ ಮೊದಲ ಪುಟ ತೆರೆದು, “ಅಪ್ಪಾ, ಇದರಲ್ಲಿ ನಿನ್ನ ಹೆಸರು ಯಾವುದು?” ಅಂದಳು. ತೋರಿಸಿದೆ. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೆಳಗೆ ಇನ್ನೂ ನಾಲ್ಕೈದು ಹೆಸರಿಗಾಗುವಷ್ಟು ಜಾಗವಿದೆ.